ಪಕ್ಕದಲ್ಲಿ ಕೂರದ ಟೀಚರ್

ಪ್ರಾಥಮಿಕ ಶಾಲೆಯ ಸಾಮಾನ್ಯ ತರಗತಿಗಳಲ್ಲೇ ಕಲಿಯುವ, ಆದರೆ ಕಲಿಕೆಗೆ ಹೆಚ್ಚಿನ ಆಸರೆ ಬೇಕಾದ ಮಕ್ಕಳ ಹೊಣೆ ನನ್ನದು. ಡಿಸ್ಲೆಕ್ಸಿಯಾ (ಓದು ಬರಹದಲ್ಲಿ ತೊಡಕು) ಇರುವವರು, ಆಟಿಸಂ (ಸಂವಹನ, ಒಡನಾಟಗಳ ರೀತಿಯೇ ಬೇರೆಯಾಗಿರುವ ಸ್ಥಿತಿ) ಇರುವವರು, ಶ್ರವಣ ಸಾಧನ ಹಾಕಿಕೊಂಡವರು, ಒಂದು ನಿಮಿಷವೂ ಕುಳಿತಲ್ಲಿ ಕೂರಲಾಗದವರು, ಮಾತು ತಡವಾಗಿ ಬಂದವರು ಎಲ್ಲರೂ ಇದ್ದಾರೆ. ಹೊಸದಾಗಿ ಪರಿಚಯವಾದವರು ಕೇಳುವ ಮೊದಲ ಪ್ರಶ್ನೆ ಒಂದೇ: "ದಿನವಿಡೀ ಆ ಮಗುವಿನ ಪಕ್ಕದಲ್ಲೇ ಕೂತಿರುತ್ತೀರಾ?" ಇಲ್ಲ. ಪಕ್ಕದಲ್ಲಿ ಕೂರುವ ಅಗತ್ಯವೇ ಬೀಳದಂತೆ ಏನೇನು ಮಾಡಬೇಕೋ ಅದೇ ನನ್ನ ಕೆಲಸದ ಬಹುಪಾಲು.

ದೊಡ್ಡವರೊಬ್ಬರು ಮಗುವಿಗೆ ಅಂಟಿಕೊಂಡು ಕುಳಿತರೆ ಏನಾಗುತ್ತದೆ ಎಂಬುದನ್ನು ತರಗತಿಯ ಹಿಂದೆ ನಿಂತು ನೋಡಿದರೆ ಸಾಕು. ಮಗು ಪುಸ್ತಕ ನೋಡುವುದನ್ನು ಬಿಟ್ಟು ಅವರ ಮುಖ ನೋಡತೊಡಗುತ್ತದೆ. ಹುಬ್ಬು ಮೇಲೆ ಹೋಯಿತೇ? ಹಾಗಾದರೆ ಉತ್ತರ ತಪ್ಪು, ಅಳಿಸು. ಅಕ್ಕಪಕ್ಕದ ಮಕ್ಕಳು ಅದರ ಜೊತೆ ಮಾತು ಕಡಿಮೆ ಮಾಡುತ್ತಾರೆ. ತರಗತಿ ಶಿಕ್ಷಕಿ ಕೂಡ ಅರಿವಿಲ್ಲದೆ ಆ ಮಗುವನ್ನು ತನ್ನ ಲೆಕ್ಕದಿಂದ ಕೈಬಿಡುತ್ತಾರೆ, ಹೇಗೂ ಅವರು ನೋಡಿಕೊಳ್ಳುತ್ತಾರಲ್ಲ ಎಂದು. ಇಂಗ್ಲೆಂಡ್ ಮತ್ತು ವೇಲ್ಸ್‌ನ ಶಾಲೆಗಳಲ್ಲಿ 2003ರಿಂದ 2008ರವರೆಗೆ ನಡೆದ ದೊಡ್ಡ ಅಧ್ಯಯನವೊಂದು ಇದನ್ನೇ ಕಂಡುಕೊಂಡಿತು. ತರಗತಿಯಲ್ಲಿ ಶಿಕ್ಷಕರಿಗೆ ನೆರವಾಗುವ ಸಹಾಯಕರ ಆಸರೆಯನ್ನು ಹೆಚ್ಚು ಪಡೆದ ಮಕ್ಕಳು, ಅವರಂತೆಯೇ ಇದ್ದು ಕಡಿಮೆ ನೆರವು ಪಡೆದ ಮಕ್ಕಳಿಗಿಂತ ಕಲಿಕೆಯಲ್ಲಿ ಹಿಂದೆ ಬಿದ್ದಿದ್ದರು. ಸಂಶೋಧಕರು ಸಹಾಯಕರನ್ನು ದೂರಲಿಲ್ಲ, ಅವರನ್ನು ಬಳಸಿಕೊಂಡ ರೀತಿಯನ್ನು ದೂರಿದರು. ತಯಾರಿಗೆ ಸಮಯ ಸಿಗದ ಸಹಾಯಕರು ಸಹಜವಾಗಿಯೇ ಕೊಟ್ಟ ಕೆಲಸವನ್ನು ಮಕ್ಕಳಿಂದ ಮಾಡಿಸಿ ಮುಗಿಸುವುದರ ಹಿಂದೆ ಬಿದ್ದಿದ್ದರು.

ಹಾಗಾಗಿ ಹೊಸ ಮಗು ಬಂದಾಗ ನಾನು ಮೊದಲು ದೂರದಿಂದ ನೋಡುತ್ತೇನೆ. ನೋಟ್‌ಬುಕ್ಕಿನ ಪುಟದಲ್ಲಿ ಮೂರು ಅಂಕಣ: ಮೊದಲು ಏನಾಯಿತು, ಮಗು ಏನು ಮಾಡಿತು, ಆಮೇಲೆ ಏನಾಯಿತು. ಕೆಲಸಕ್ಕೆ ಬರುವ ಸಂಗತಿ ಹೆಚ್ಚಾಗಿ ಮೊದಲ ಅಂಕಣದಲ್ಲೇ ಸಿಗುತ್ತದೆ. ಒಬ್ಬ ಹುಡುಗ ಗಣಿತದ ಅವಧಿಯಲ್ಲಿ ಬೆಂಚಿನ ಕೆಳಗೆ ನುಸುಳುತ್ತಿದ್ದ. ಗಣಿತವೆಂದರೆ ಭಯ ಎಂದು ಎಲ್ಲರೂ ತೀರ್ಮಾನಿಸಿದ್ದರು. ಬಾಯಿಲೆಕ್ಕದಲ್ಲಿ ಆತ ಚುರುಕಾಗಿಯೇ ಇದ್ದ. ಕರಿಹಲಗೆಯ ಮೇಲಿನದನ್ನು ನಕಲು ಮಾಡಿಕೊಳ್ಳಿ ಎಂದ ಕೂಡಲೇ ಬೆಂಚಿನ ಕೆಳಗೆ ಹೋಗುತ್ತಿದ್ದ.

ನಕಲು ಮಾಡುವುದು ಸುಲಭದ ಕೆಲಸವೆಂದು ನಾವು ಭಾವಿಸಿದ್ದೇವೆ. ಕಣ್ಣು ದೂರ ಹೋಗಿ ಹತ್ತಿರ ಬರಬೇಕು, ಬರುವಷ್ಟರಲ್ಲಿ ನೋಡಿದ್ದು ನೆನಪಿನಲ್ಲಿ ಉಳಿದಿರಬೇಕು, ತಿರುಗಿ ನೋಡಿದಾಗ ಬಿಟ್ಟ ಜಾಗ ಸಿಗಬೇಕು. ಓದಲು ಬರುವವನು ಪದಗಳನ್ನೇ ಹೊತ್ತು ತರುತ್ತಾನೆ. ಡಿಸ್ಲೆಕ್ಸಿಯಾ ಇರುವ ಮಗು ಒಂದೊಂದೇ ಅಕ್ಷರವನ್ನು ಹೊತ್ತು ತರುತ್ತದೆ. ನಮ್ಮ ಲಿಪಿಯಂತೂ ಕೇಳಿದ ಕ್ರಮದಲ್ಲೇ ಬರೆಯಲು ಬಿಡುವುದಿಲ್ಲ. ಒತ್ತಕ್ಷರ ಕೆಳಗಿಳಿಯುತ್ತದೆ, 'ಕೊ' ಬರೆಯಲು ಎತ್ವವನ್ನೂ ಕೊಂಬನ್ನೂ ಜೋಡಿಸಬೇಕು, 'ಕೋ' ಆದರೆ ದೀರ್ಘವನ್ನೂ ಸೇರಿಸಬೇಕು, ಅರ್ಕಾವೊತ್ತಿನಲ್ಲಿ ಮೊದಲು ಕೇಳಿಸುವ ರಕಾರವನ್ನು ಆಮೇಲೆ ಬರೆಯಬೇಕು. ಈ ಹುಡುಗನಿಗೆ ಲೆಕ್ಕಗಳನ್ನು ಮುದ್ರಿಸಿದ ಹಾಳೆ ಮೇಜಿನ ಮೇಲೆ ಸಿಗುವಂತೆ ಮಾಡಿದೆವು, ಬರೆಯಬೇಕಾದದ್ದು ಉತ್ತರ ಮಾತ್ರ. ಬೆಂಚಿನ ಕೆಳಗೆ ಹೋಗುವುದು ನಿಂತಿತು. ಓದಿನ ತೊಡಕಿಗೆ ಪ್ರತ್ಯೇಕ ಅವಧಿಯಲ್ಲಿ ಕೆಲಸ ಮುಂದುವರಿಯಿತು. ಪದವನ್ನು ಮೊದಲು ಸದ್ದುಗಳಾಗಿ ಒಡೆದು, ಸದ್ದಿಗೊಂದು ಬಿಲ್ಲೆ ಇಟ್ಟು, ಆಮೇಲೆ ಅಕ್ಷರಕ್ಕೆ ಬರುವುದು. ಅದು ನಿಧಾನದ ದಾರಿ. ಆದರೆ ಓದು ಬಾರದ ಕಾರಣಕ್ಕೆ ಗಣಿತವೂ ಕೈತಪ್ಪಬೇಕಾಗಿರಲಿಲ್ಲ.

ಹೀಗೆ ನೋಡುವಾಗ ಇನ್ನೊಂದು ಎಚ್ಚರ ಬೇಕು. 'ಗಮನ ಕೊಡುವುದಿಲ್ಲ' ಎಂಬ ಒಂದೇ ಹಣೆಪಟ್ಟಿಯ ಕೆಳಗೆ ಬೇರೆ ಬೇರೆ ಮಕ್ಕಳು ಇರುತ್ತಾರೆ. ನೆಗಡಿಯ ನಂತರ ಕಿವಿಯ ಮಧ್ಯಭಾಗದಲ್ಲಿ, ತಮಟೆಯ ಹಿಂದೆ, ದ್ರವ ತುಂಬಿ ಕೆಲವು ವಾರ ಮಂದವಾಗಿ ಕೇಳಿಸುವವರು ಒಬ್ಬರು. ಮಾತಿನ ನಡುವೆಯೇ ಕೆಲವು ಕ್ಷಣ ಶೂನ್ಯವಾಗಿ ದಿಟ್ಟಿಸಿ, ಏನೂ ಆಗದವರಂತೆ ಮುಂದುವರಿಯುವವರು ಇನ್ನೊಬ್ಬರು. ಇದು ಅಪಸ್ಮಾರದ ಒಂದು ಬಗೆ ಇರಬಹುದು. ಹಗಲುಗನಸು ಕಾಣುವ ಮಗು ಹೆಸರು ಹಿಡಿದು ಕರೆದರೆ, ಭುಜ ಮುಟ್ಟಿದರೆ ಎಚ್ಚರಗೊಳ್ಳುತ್ತದೆ, ಈ ಮಗು ಎಚ್ಚರಗೊಳ್ಳುವುದಿಲ್ಲ. ರೋಗ ನಿರ್ಣಯ ನನ್ನ ಕೆಲಸವಲ್ಲ. ಎಷ್ಟು ಹೊತ್ತಿಗೆ, ಎಷ್ಟು ಕ್ಷಣ ಎಂದು ಬರೆದು ಪೋಷಕರ ಕೈಗೆ ಕೊಟ್ಟರೆ ವೈದ್ಯರಿಗೆ ಅದು ನೆರವಾಗುತ್ತದೆ.

ನೆರವು ಕೊಡುವಾಗ ನನ್ನದೊಂದು ಏಣಿ ಇದೆ. ಮೊದಲ ಮೆಟ್ಟಿಲು ಕಾಯುವುದು. ಎರಡನೆಯದು ಬೆರಳು ತೋರಿಸುವುದು. ನಂತರ ಒಂದು ಸಣ್ಣ ಸುಳಿವು, ಅದೂ ಸಾಲದಿದ್ದರೆ ನಾನೇ ಒಂದು ಸಲ ಮಾಡಿ ತೋರಿಸುವುದು. ಕೈ ಹಿಡಿದು ಬರೆಸುವುದು ಕಟ್ಟಕಡೆಗೆ, ಅದೂ ಮಗುವನ್ನು ಕೇಳಿ. ಎಲ್ಲರಿಗೂ ಕಷ್ಟವಾಗುವುದು ಮೊದಲ ಮೆಟ್ಟಿಲೇ. ಪ್ರಶ್ನೆ ಕೇಳಿದ ಶಿಕ್ಷಕರು ಉತ್ತರಕ್ಕಾಗಿ ಸುಮಾರು ಒಂದು ಸೆಕೆಂಡ್ ಮಾತ್ರ ಕಾಯುತ್ತಾರೆ ಎಂದು ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲೇ ತೋರಿಸಿದ್ದರು. ಅದನ್ನು 3 ಸೆಕೆಂಡಿಗೆ ಏರಿಸಿದರೆ ಮಕ್ಕಳ ಉತ್ತರಗಳು ಉದ್ದವಾಗುತ್ತವೆ, ಸಾಮಾನ್ಯವಾಗಿ ಬಾಯಿ ಬಿಡದವರೂ ಮಾತಾಡುತ್ತಾರೆ. ಭಾಷೆ ಗ್ರಹಿಸಲು ತಡವಾಗುವ ಮಗುವಿಗೆ 3 ಕೂಡ ಸಾಲದು. ನಾನು ಮನಸ್ಸಿನಲ್ಲೇ 10 ಎಣಿಸುತ್ತೇನೆ. ನಡುವೆ ಅದೇ ಪ್ರಶ್ನೆಯನ್ನು ಬೇರೆ ಮಾತಿನಲ್ಲಿ ಕೇಳುವುದಿಲ್ಲ, ಏಕೆಂದರೆ ಮಗು ಆಗ ಮೊದಲಿನಿಂದ ಶುರು ಮಾಡಬೇಕಾಗುತ್ತದೆ. ಆ ಮೌನ ತರಗತಿಗೆ ಭಾರವೆನಿಸಿದರೆ ಇನ್ನೊಂದು ಉಪಾಯವಿದೆ: ನಾಳೆ ನಿನಗೆ ಈ ಪ್ರಶ್ನೆ ಬರುತ್ತದೆ ಎಂದು ಹಿಂದಿನ ದಿನವೇ ಮಗುವಿಗೆ ಹೇಳಿಡುವುದು. ಇದು ಮೋಸವಲ್ಲವೇ ಎಂದು ಸಹೋದ್ಯೋಗಿಯೊಬ್ಬರು ಕೇಳಿದರು. ಸಭೆಯ ಕಾರ್ಯಸೂಚಿ ನಮಗೆ ಮುಂಚೆಯೇ ಬರುತ್ತದಲ್ಲ ಎಂದೆ.

ಆಟಿಸಂ ಇರುವ ಮಕ್ಕಳಿಗೆ ಚಿತ್ರಗಳ ವೇಳಾಪಟ್ಟಿ ಮಾಡಿಕೊಡುವುದು ಈಗ ಅನೇಕರಿಗೆ ಗೊತ್ತು. ಗೋಡೆಗೆ ಅಂಟಿಸಿ ಮರೆತುಬಿಡುವುದೂ ಅಷ್ಟೇ ಸಾಮಾನ್ಯ. ಮುಗಿದ ಕೆಲಸದ ಚಿತ್ರವನ್ನು ಮಗುವೇ ತೆಗೆದು ಡಬ್ಬಿಗೆ ಹಾಕಬೇಕು, ಆಗಷ್ಟೇ ಅದು ವೇಳಾಪಟ್ಟಿ, ಇಲ್ಲದಿದ್ದರೆ ಗೋಡೆಯ ಅಲಂಕಾರ. ನಾನು 'ಬದಲಾವಣೆ' ಎಂಬ ಚೀಟಿಯೊಂದನ್ನೂ ಸೇರಿಸುತ್ತೇನೆ. ಮೊದಲು ಅದನ್ನು ಬಳಸುವುದು ಖುಷಿಯ ಬದಲಾವಣೆಗಳಿಗೆ, ಉದಾಹರಣೆಗೆ ಬರವಣಿಗೆಯ ಬದಲು ಆಟ. ಚೀಟಿ ಪರಿಚಿತವಾದ ಮೇಲೆ ಬೇಡದ ಬದಲಾವಣೆಯನ್ನೂ ಅದು ಹೊತ್ತು ತರಬಲ್ಲದು. ಬರಬರುತ್ತಾ ಗೋಡೆಯ ಪಟ್ಟಿ ಮೇಜಿನ ಮೇಲಿನ ಪಟ್ಟಿಯಾಗುತ್ತದೆ, ಆಮೇಲೆ ಮಗುವಿನ ಪುಸ್ತಕದಲ್ಲಿ ತಾನೇ ಬರೆದುಕೊಂಡು ತಾನೇ ಗೀಟು ಹಾಕುವ ಸಾಲುಗಳಾಗುತ್ತದೆ.

ಶ್ರವಣ ಸಾಧನದ ಬಗ್ಗೆ ಸಹೋದ್ಯೋಗಿಗಳಿಗೆ ಹೇಳುವುದು ಚಿಕ್ಕದು. ಅದು ಕನ್ನಡಕದಂತೆ ಸರಿಪಡಿಸಿಬಿಡುವುದಿಲ್ಲ. ಬೆಂಚು ಎಳೆಯುವ ಸದ್ದನ್ನೂ ದೊಡ್ಡದು ಮಾಡುತ್ತದೆ. ಕುರ್ಚಿಯ ಕಾಲುಗಳಿಗೆ ದಪ್ಪ ಬಟ್ಟೆ ಸುತ್ತಿ, ಹಲಗೆಗೆ ಮುಖ ಮಾಡಿಕೊಂಡು ಮಾತಾಡಬೇಡಿ, ಕಿಟಕಿಗೆ ಬೆನ್ನು ಹಾಕಿ ನಿಲ್ಲಬೇಡಿ, ತುಟಿ ಕಾಣಲಿ. ಇಷ್ಟು ಮಾಡಿದರೆ ಮಿಕ್ಕ ಮಕ್ಕಳಿಗೂ ಪಾಠ ಸ್ಪಷ್ಟವಾಗಿ ಕೇಳಿಸುತ್ತದೆ.

ಜೊತೆಯ ಮಕ್ಕಳ ವಿಷಯದಲ್ಲಿ ನನಗೆ ಗಟ್ಟಿ ಅಭಿಪ್ರಾಯವಿದೆ. ಒಬ್ಬಳೇ 'ಒಳ್ಳೆಯ ಹುಡುಗಿ'ಯನ್ನು ಹುಡುಕಿ, ವರ್ಷಪೂರ್ತಿ ಇವನನ್ನು ನೋಡಿಕೋ ಎನ್ನುವುದು ಇಬ್ಬರಿಗೂ ಮಾಡುವ ಅನ್ಯಾಯ. ಅವಳು ಪುಟ್ಟ ತಾಯಿಯಾಗುತ್ತಾಳೆ, ಅವನು ಎಲ್ಲರ ಕಣ್ಣಿಗೆ ಕೂಸಾಗುತ್ತಾನೆ. ಜೋಡಿಗಳನ್ನು ಬದಲಿಸುತ್ತಿರಬೇಕು, ವಿಶೇಷ ಅಗತ್ಯವುಳ್ಳ ಮಗುವೂ ಸಹಾಯ ಕೊಡುವ ಜಾಗದಲ್ಲಿ ನಿಲ್ಲುವಂತಿರಬೇಕು. 'ಅವನಿಗೆ ಮಾತ್ರ ಏಕೆ?' ಎಂಬ ಪ್ರಶ್ನೆ ಖಂಡಿತ ಬರುತ್ತದೆ. ಸದ್ದು ತಡೆಯುವ ಕಿವಿಮುಚ್ಚಿಗಳನ್ನು ನಾನು ಬೇಕಾದವರೆಲ್ಲ ಬಳಸಲಿ ಎಂದು ಕಪಾಟಿನಲ್ಲಿ ಇಟ್ಟೆ. ಮೊದಮೊದಲು ನೂಕುನುಗ್ಗಲು. ಹೊಸತನ ಮಾಸಿದ ಮೇಲೆ ನಿಜವಾಗಿ ಬೇಕಾದವರಷ್ಟೇ ಉಳಿದರು. ಅವರಲ್ಲಿ ನನ್ನ ಪಟ್ಟಿಯಲ್ಲೇ ಇಲ್ಲದ ಇಬ್ಬರು ಇದ್ದರು!

ಒಂದೊಂದು ಮಗುವಿಗೂ ಗುರಿ, ನೆರವುಗಳನ್ನು ಬೇರೆಯಾಗಿ ಗೊತ್ತುಮಾಡುವ ವೈಯಕ್ತಿಕ ಶಿಕ್ಷಣ ಯೋಜನೆ ಬರೆಯುವಾಗ 'ಗಮನ ಸುಧಾರಿಸುವುದು' ಎಂಬಂಥ ಗುರಿಗಳನ್ನು ನಾನು ಹೊಡೆದುಹಾಕುತ್ತೇನೆ. ಅದು ಈಡೇರಿತೋ ಇಲ್ಲವೋ ಎಂದು ಯಾರು ಹೇಳಬಲ್ಲರು? 'ಎರಡು ಹಂತದ ಸೂಚನೆಯನ್ನು ಮತ್ತೆ ಹೇಳಿಸಿಕೊಳ್ಳದೆ ಪಾಲಿಸುವುದು' ಎಂದರೆ ನೋಡಿ ಹೇಳಬಹುದು. ಪ್ರತಿ ಗುರಿಯ ಎದುರಿಗೂ ಇನ್ನೊಂದು ಅಂಕಣ ಇರುತ್ತದೆ: ಈ ನೆರವು ಹೇಗೆ ಇಳಿಯುತ್ತದೆ. ಕೆಲವದರ ಮುಂದೆ 'ಇಳಿಯುವುದಿಲ್ಲ' ಎಂದೇ ಬರೆಯುತ್ತೇನೆ. ಬ್ರೈಲ್, ಇಳಿಜಾರು ದಾರಿ, ಮಾತು ಬಾರದ ಮಗುವಿನ ಚಿತ್ರಫಲಕ ಇವನ್ನು ಯಾವ ದಿನವೂ ಕಿತ್ತುಕೊಳ್ಳುವಂತಿಲ್ಲ. ಫಲಕದ ಮೇಲೆ ಬೆರಳಿಟ್ಟು 'ನನಗೆ ಬೇಡ' ಎನ್ನುವ ಮಗು ಸ್ವತಂತ್ರವಾಗಿಯೇ ಮಾತಾಡಿದೆ. ಇಳಿಯಬೇಕಾದದ್ದು ದೊಡ್ಡವರ ಕೈ.

ಮೊದಲು ಮಗು ಶಾಲೆಗೆ ತಯಾರಾಗಲಿ, ಆಮೇಲೆ ಸೇರಿಸಿಕೊಳ್ಳೋಣ ಎನ್ನುವವರು ಇಂದಿಗೂ ಸಿಗುತ್ತಾರೆ. ಅವರೊಡನೆ ನಾನು ಹೆಚ್ಚು ವಾದಿಸುವುದಿಲ್ಲ. ಸ್ಪೇನ್‌ನ ಸಲಮಾಂಕಾದಲ್ಲಿ ಹೊರಬಂದ 1994ರ ಘೋಷಣೆಯಲ್ಲಿ 92 ಸರ್ಕಾರಗಳು ಇದಕ್ಕೆ ವಿರುದ್ಧವಾದುದನ್ನೇ, ಅಂದರೆ ಶಾಲೆಯೇ ಮಗುವಿಗೆ ಹೊಂದಿಕೊಳ್ಳಬೇಕು ಎಂಬುದನ್ನು ಒಪ್ಪಿದವು. 2006ರ ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯ 24ನೆಯ ವಿಧಿ ಅದನ್ನು ಹಕ್ಕಾಗಿಸಿತು. ಕಷ್ಟವಿರುವುದು ಆ ಹಕ್ಕನ್ನು ಸೋಮವಾರ ಬೆಳಗಿನ ಪಾಠವಾಗಿ ಮಾಡುವುದರಲ್ಲಿ, ಮತ್ತು ಅದಕ್ಕೆ ಶಿಕ್ಷಕರಿಗೆ ಸಮಯ ಕೊಡಿಸುವುದರಲ್ಲಿ.

ಪೋಷಕರಿಗೆ ಫೋನ್ ಮಾಡಿದರೆ ನಮಸ್ಕಾರಕ್ಕೂ ಮೊದಲು "ಏನು ಮಾಡಿದ, ಮೇಡಂ?" ಎಂಬ ಆತಂಕ ಕೇಳಿಸುತ್ತದೆ. ಆದ್ದರಿಂದ ಏನೂ ಕೆಟ್ಟದ್ದಾಗದ ದಿನವೇ ಮೊದಲ ಕರೆ ಮಾಡುತ್ತೇನೆ. ಮನೆಯಲ್ಲಿ ಸಿಟ್ಟು ಬಂದರೆ ಹೇಗೆ ಸಮಾಧಾನ ಮಾಡುತ್ತೀರಿ ಎಂದು ಕೇಳುತ್ತೇನೆ. ಸಿಗುವ ಉತ್ತರ ಎಷ್ಟೋ ಸಲ ತರಗತಿಗೂ ಹೊಂದುತ್ತದೆ.

ವರ್ಷ ಮುಗಿಯುವಾಗ ಮುಂದಿನ ತರಗತಿಯ ಶಿಕ್ಷಕರಿಗೆ ದಪ್ಪ ಕಡತದ ಜೊತೆ ಒಂದೇ ಪುಟದ ಟಿಪ್ಪಣಿ ಕೊಡುತ್ತೇನೆ: ಮಗುವಿಗೆ ಏನು ಇಷ್ಟ, ಏನು ಕಂಗೆಡಿಸುತ್ತದೆ, ಕಂಗೆಟ್ಟಾಗ ಏನು ಮಾಡಬೇಕು, ಏನು ಮಾಡಬಾರದು. ಮಗುವನ್ನು ಕೂರಿಸಿಕೊಂಡು, ಸಾಧ್ಯವಾದಷ್ಟೂ ಅದರ ಮಾತಿನಲ್ಲೇ ಬರೆಯುತ್ತೇನೆ. ಇದರ ಪ್ರತಿಯನ್ನು ಪೋಷಕರ ಒಪ್ಪಿಗೆ ಪಡೆದು ಆಟದ ಶಿಕ್ಷಕರಿಗೂ ಕೊಡುತ್ತೇನೆ. ಇನ್ನೊಂದು ಪ್ರತಿ ಲಕೋಟೆಯಲ್ಲಿ ಹಾಜರಿ ಪುಸ್ತಕದೊಳಗೆ ಇರುತ್ತದೆ, ಏಕೆಂದರೆ ಎಡವಟ್ಟುಗಳು ಹೆಚ್ಚಾಗಿ ನಡೆಯುವುದು ತರಗತಿ ಶಿಕ್ಷಕಿ ರಜೆಯಲ್ಲಿದ್ದು ಬದಲಿ ಶಿಕ್ಷಕರು ಬಂದ ದಿನವೇ.