ಮೂಡಣದಿಂದ ಪಡುವಣಕ್ಕೆ: ಒಂದೇ ಹಗಲಿನಲ್ಲಿ ವಿಜಯಪುರ

ಹನ್ನೆರಡು ಜನರ ತಂಡಕ್ಕೆ ಒಂದೇ ಹಗಲಿನಲ್ಲಿ ಆದಿಲ್‌ಶಾಹಿಗಳ ರಾಜಧಾನಿಯನ್ನು ತೋರಿಸುತ್ತೇನೆ ಎಂದಾಗ ತಂಡ ಕಟ್ಟಿಕೊಂಡು ಪ್ರವಾಸಕ್ಕೆ ಕರೆದೊಯ್ಯುವ ನಮ್ಮ ಬಳಗದಲ್ಲಿ ಯಾರೂ ಒಪ್ಪಲಿಲ್ಲ. ವಿಜಯಪುರವೆಂದರೆ ಗೋಳಗುಮ್ಮಟ, ಎರಡು ತಾಸು ಸಾಕು, ಉಳಿದ ಹೊತ್ತಿಗೆ ಬಾದಾಮಿಗೆ ಹೋಗಿಬಿಡಿ ಎಂದರು ಕೆಲವರು. ಎರಡು ದಿನ ಇಲ್ಲದಿದ್ದರೆ ಆ ಊರಿಗೆ ಹೋಗುವುದೇ ಬೇಡ ಎಂದರು ಇನ್ನು ಕೆಲವರು. ಹೋದ ಜನವರಿಯಲ್ಲಿ ಮಾಡಿ ತೋರಿಸಿದೆ. ತಂಡದಲ್ಲಿ ಎಪ್ಪತ್ತು ದಾಟಿದವರು ಮೂವರಿದ್ದರು. ಸಂಜೆ ಎರಡನೆಯ ಇಬ್ರಾಹಿಂ ಆದಿಲ್‌ಶಾಹನ ಗೋರಿಯಾದ ಇಬ್ರಾಹಿಂ ರೋಜಾದಲ್ಲಿ ಅವರೇ ಎಲ್ಲರಿಗಿಂತ ಕೊನೆಗೆ ಹೊರಬಂದರು. ತಂಡ ಕಟ್ಟುವುದು, ಮುಂಗಡ ಪಡೆಯುವುದು, ತಲೆ ಎಣಿಸುವುದು ಇವನ್ನೆಲ್ಲ ನಿಮಗೆ ಹೇಳಬೇಕಾಗಿಲ್ಲ. ಉಳಿದದ್ದನ್ನು ಹೇಳುತ್ತೇನೆ.

ಮೊದಲು ಕೈಕೊಟ್ಟ ವ್ಯವಸ್ಥೆಗಳು. ಹಿಂದೊಮ್ಮೆ, ನಾವೆಲ್ಲ ಮಾಡುವಂತೆ, ಬೆಂಗಳೂರಿನಿಂದ ಟೆಂಪೊ ಟ್ರಾವೆಲರ್ ಗೊತ್ತುಮಾಡಿದ್ದೆವು. ಬಾಡಿಗೆಯೇ ಮೂವತ್ತು ಸಾವಿರ ದಾಟಿತು, ಮೇಲೆ ಟೋಲು, ಚಾಲಕರ ಭತ್ಯೆ. ದಾರಿಯಲ್ಲಿ ಚಹಾ, ತಿಂಡಿ ಎಂದು ನಿಲ್ಲುತ್ತ ಊರು ಮುಟ್ಟುವಾಗ ಹತ್ತು ಗಂಟೆ. ಅಷ್ಟರಲ್ಲಿ ಶಾಲಾ ಪ್ರವಾಸದ ಬಸ್ಸುಗಳು ಬಂದು ನಿಂತಿದ್ದವು. ಗೋಳಗುಮ್ಮಟದ ಮೇಲೆ, ಗುಮ್ಮಟದ ಒಳಸುತ್ತಿನಲ್ಲಿರುವ ಪಿಸುಮಾತಿನ ಮೊಗಸಾಲೆಯಲ್ಲಿ ಒಂದೇ ಸಮನೆ ಕಿರುಚಾಟ. ಗುಮ್ಮಟ ಪ್ರತಿಯೊಂದು ಕೂಗನ್ನೂ ಏಳೆಂಟು ಸಲ ಹಿಂದಿರುಗಿಸುತ್ತದೆ ಎನ್ನುವುದನ್ನು ನೆನಪಿಡಿ. ತಂಡದ ಅರ್ಧದಷ್ಟು ಜನ ಕಿವಿ ಮುಚ್ಚಿಕೊಂಡು ಕೆಳಗಿಳಿದರು. ಊಟಕ್ಕೆ ಮೊದಲೇ ತಿಳಿಸಿಟ್ಟಿದ್ದ ಹೋಟೆಲಿನಲ್ಲಿ ಒಂದೂವರೆ ತಾಸು ಕಾಯಿಸಿದರು. ಎರಡು ಗಂಟೆಯ ಬಿಸಿಲಿನಲ್ಲಿ ಮಲಿಕ್-ಎ-ಮೈದಾನ್ ತೋಪಿನ ಮುಂದೆ ನಿಂತ ಜನ ತೋಪನ್ನು ನೋಡದೆ ನೆರಳನ್ನು ಹುಡುಕುತ್ತಿದ್ದರು. ತಲೆಗೆ ನಾಲ್ಕು ಸಾವಿರ ಖರ್ಚಾಗಿ, ನೋಡಿದ್ದು ಅರ್ಧ ಊರು.

ಇನ್ನೊಂದು ಸಲ ರಾತ್ರಿ ಬಸ್ಸಿನಲ್ಲಿ ಹೋಗಿ ಅಲ್ಲಿ ಆಟೊ ಹಿಡಿದೆವು. ಖರ್ಚೇನೋ ಇಳಿಯಿತು, ಆದರೆ ನಾಲ್ಕು ಆಟೊಗಳು ನಾಲ್ಕು ದಿಕ್ಕಿಗೆ. ಒಂದು ಬಾರಾ ಕಮಾನಿನ ಮುಂದೆ, ಇನ್ನೊಂದು ಜುಮ್ಮಾ ಮಸೀದಿಯ ಮುಂದೆ. ದಿನದ ಒಂದು ತಾಸು ಮೊಬೈಲಿನಲ್ಲಿ ‘ಎಲ್ಲಿದ್ದೀರಿ’ ಎಂದು ಕೇಳುವುದರಲ್ಲೇ ಹೋಯಿತು.

ನಕಾಶೆ ಹಿಡಿದು ಕುಳಿತಾಗ ದಾರಿ ಕಂಡಿತು. ಗೋಳಗುಮ್ಮಟ ಊರಿನ ಪೂರ್ವದ ತುದಿಯಲ್ಲಿ, ರೈಲು ನಿಲ್ದಾಣದ ಕಡೆಗಿದೆ. ಇಬ್ರಾಹಿಂ ರೋಜಾ ಪಶ್ಚಿಮದಲ್ಲಿ, ಕೋಟೆಗೋಡೆಯ ಆಚೆ. ನಡುವೆ ಸುಮಾರು ಐದು ಕಿಲೋಮೀಟರ್. ನೋಡಲೇಬೇಕಾದದ್ದೆಲ್ಲ ಹೆಚ್ಚುಕಡಿಮೆ ಈ ಎರಡರ ನಡುವೆಯೇ ಬರುತ್ತದೆ. ಸೂರ್ಯ ಹೋಗುವ ದಿಕ್ಕಿನಲ್ಲೇ ಹೋಗುವುದು, ಒಮ್ಮೆಯೂ ಹಿಂದಿರುಗದಿರುವುದು, ನೆತ್ತಿಯ ಮೇಲೆ ಬಿಸಿಲಿರುವಾಗ ಏನನ್ನೂ ನೋಡದಿರುವುದು. ನನ್ನ ವಿಧಾನ ಇಷ್ಟೇ. ಮಧ್ಯಾಹ್ನ ಮೂರು ತಾಸು ಸುಮ್ಮನೆ ಕಳೆಯುತ್ತೇನೆ ಎಂದಾಗ ಎಲ್ಲರೂ ಬೇಡವೆಂದು ತಲೆಯಾಡಿಸಿದ್ದರು. ಈ ವಿಧಾನದ ಪ್ರಾಣ ಇರುವುದೇ ಆ ಮೂರು ತಾಸಿನಲ್ಲಿ.

ಜನವರಿಯ ಆ ದಿನ ರಾತ್ರಿ ಬಸ್ಸು ನಸುಕಿನಲ್ಲಿ ಇಳಿಸಿತು. ಮುಖ ತೊಳೆಯಲು, ಚೀಲ ಇಡಲು, ಮಧ್ಯಾಹ್ನ ಒರಗಲು ಎರಡು ದೊಡ್ಡ ಕೋಣೆ ಹಿಡಿದಿದ್ದೆ. ಒಟ್ಟು ಮೂರು ಸಾವಿರದ ಆಸುಪಾಸು. ಕೋಣೆಗೇಕೆ ದುಡ್ಡು ಎಂದು ಗೊಣಗುವವರು ಇರುತ್ತಾರೆ, ಕಿವಿಗೊಡಬೇಡಿ. ಬಾಗಿಲು ತೆರೆಯುವ ಹೊತ್ತಿಗೇ ಗುಮ್ಮಟದ ಮುಂದಿದ್ದೆವು. ಮೂಲೆಯ ಗೋಪುರದ ಏಳು ಅಂತಸ್ತುಗಳನ್ನು ಹಿರಿಯರು ಅಂತಸ್ತಿಗೊಮ್ಮೆ ಕುಳಿತು ಹತ್ತಿದರು. ಎಲ್ಲರೂ ನೇರವಾಗಿ ಮೊಗಸಾಲೆಗೆ ನುಗ್ಗುತ್ತಾರೆ. ನಾನು ಮೊದಲು ಹೊರಗಿನ ಮಾಳಿಗೆಯಲ್ಲಿ ಪಶ್ಚಿಮಕ್ಕೆ ಮುಖ ಮಾಡಿ ನಿಲ್ಲಿಸಿದೆ. ಬೆಳಗಿನ ಬಿಸಿಲು ನಮ್ಮ ಬೆನ್ನ ಹಿಂದಿನಿಂದ ಊರಿನ ಮೇಲೆ ಬಿದ್ದಿರುತ್ತದೆ. ಇಡೀ ದಿನದ ದಾರಿಯನ್ನು ಅಲ್ಲಿಂದಲೇ ಬೆರಳು ಮಾಡಿ ತೋರಿಸಿದೆ. ಆಮೇಲೆ ‘ಮುಂದೆ ಎಲ್ಲಿಗೆ’ ಎಂದು ಯಾರೂ ಕೇಳಲಿಲ್ಲ.

ಇಲ್ಲಿ ನನ್ನದೊಂದು ಪ್ರಯೋಗವಿದೆ. ಮೊಬೈಲಿನಲ್ಲಿ ಧ್ವನಿಮುದ್ರಣ ಹಾಕಿಕೊಂಡು ಚಪ್ಪಾಳೆ, ಬೆಂಕಿಕಡ್ಡಿ ಗೀರುವ ಸದ್ದು, ಕಾಗದ ಹರಿಯುವ ಸದ್ದು, ಹಾಡು ಎಲ್ಲವನ್ನೂ ನೋಡಿದೆವು. ಒಣ ಚಪ್ಪಾಳೆ ಒಂದೊಂದಾಗಿ ಬಿಡಿಸಿ ಎಣಿಸುವಂತೆ ಮರಳುತ್ತದೆ. ಕಾಗದ ಹರಿದದ್ದು ಎದುರು ಬದಿಯಲ್ಲಿ ನಿಂತವರಿಗೆ ಕಿವಿಯ ಪಕ್ಕದಲ್ಲೇ ಹರಿದಂತೆ ಕೇಳುತ್ತದೆ. ಹಾಡು ಮಾತ್ರ ಕಲಸಿಹೋಗುತ್ತದೆ. ತಂಡದ ಒಬ್ಬರು ವಚನ ಹಾಡಿದರು, ಎರಡನೆಯ ಸಾಲಿಗೆ ಮೊದಲ ಸಾಲು ಬಂದು ಢಿಕ್ಕಿ ಹೊಡೆಯಿತು. ಒಂದೊಂದೇ ಸ್ವರವನ್ನು ಬಿಟ್ಟು ಬಿಟ್ಟು ಹಾಡಿದಾಗ ಅದ್ಭುತವಾಯಿತು. ಪಿಸುಮಾತಿಗೆ ಬಾಯಿ ಗೋಡೆಗೆ ಹತ್ತಿರವಿರಬೇಕು. ಯಾವ ಬಾಗಿಲಿನಿಂದ ಎಷ್ಟು ಹೆಜ್ಜೆ ಎನ್ನುವುದನ್ನು ನನ್ನ ತಂಡಕ್ಕೆ ಮಾತ್ರ ಹೇಳುತ್ತೇನೆ.

ಹೊರಗಿನಿಂದ ಸುಮಾರು 44 ಮೀಟರ್ ಅಡ್ಡಳತೆಯ ಈ ಗುಮ್ಮಟ ನಡುವೆ ಒಂದೂ ಕಂಬವಿಲ್ಲದೆ, ಒಂದನ್ನೊಂದು ಕತ್ತರಿಸುವ ಕಮಾನುಗಳ ಮೇಲೆ ನಿಂತಿದೆ. ಅದನ್ನು ಮೇಲಿನಿಂದ ಬಗ್ಗಿ ನೋಡಿದರೆ ತಿಳಿಯುವುದಿಲ್ಲ. ಕೆಳಗಿಳಿದ ಮೇಲೆ ಮುಹಮ್ಮದ್ ಆದಿಲ್‌ಶಾಹನ ಗೋರಿಯ ಬಳಿ ಐದು ನಿಮಿಷ ತಲೆ ಎತ್ತಿ ನಿಲ್ಲಿಸಿ.

ಇಲ್ಲಿಂದ ಮುಂದೆ ಟಾಂಗಾ. ನಾಲ್ವರಿಗೊಂದರಂತೆ ಮೂರು. ಮೊದಲು ಕೇಳಿದ ದರಕ್ಕೂ ಕೊನೆಗೆ ಕೊಟ್ಟದ್ದಕ್ಕೂ ಬಹಳ ಅಂತರವಿತ್ತು. ಟಾಂಗಾ ಒಂದಕ್ಕೆ ದಿನಕ್ಕೆ ಸಾವಿರದ ಇನ್ನೂರರ ಹತ್ತಿರ ಕೊಟ್ಟ ನೆನಪು. ಒಪ್ಪಿಸಿದ ಬಗೆಯನ್ನು ಇಲ್ಲಿ ಬರೆಯುವುದಿಲ್ಲ, ಅರ್ಧದಷ್ಟು ಕೆಲಸವನ್ನು ಮಧ್ಯಾಹ್ನದ ಬಿಡುವೇ ಮಾಡಿತು ಎಂದಷ್ಟೇ ಹೇಳುತ್ತೇನೆ. ಕುದುರೆಗೂ ಆ ಮೂರು ತಾಸು ನೆರಳು, ಮೇವು ಸಿಗುತ್ತದೆ. ಟಾಂಗಾದವರು ಒಬ್ಬರ ಹಿಂದೆ ಒಬ್ಬರು ಹೋಗುವುದರಿಂದ ತಂಡ ಚದುರುವುದಿಲ್ಲ, ಒಳಗಲ್ಲಿಗಳೂ ಅವರಿಗೆ ಗೊತ್ತು.

ಒಂಬತ್ತೂವರೆಗೆ ಜುಮ್ಮಾ ಮಸೀದಿ. ಶುಕ್ರವಾರ ಇಟ್ಟುಕೊಳ್ಳಬೇಡಿ, ಪ್ರಾರ್ಥನೆಯ ದಿನ ನಾವು ನಡುವೆ ಹೋಗುವುದು ತರವಲ್ಲ. ಗುಮ್ಮಟದ ಮುಂದಿನ ವಸ್ತುಸಂಗ್ರಹಾಲಯಕ್ಕೂ ಅಂದೇ ರಜೆ. ನೆಲದ ಮೇಲೆ ಪ್ರಾರ್ಥನೆಗೆಂದು ಗುರುತು ಮಾಡಿದ 2,250 ಚೌಕಗಳು, ಕಮಾನಿನ ಹಿಂದೆ ಕಮಾನು, ತಂಪು. ಮೆಹತರ್ ಮಹಲಿನ ಕಲ್ಲಿನ ಕೆತ್ತನೆ ನೋಡಿಕೊಂಡು, ದೊಡ್ಡ ಕಮಾನಿನ ಅರಮನೆ ಗಗನ್ ಮಹಲಿಗೆ. 1686ರಲ್ಲಿ ಕೊನೆಯ ಸುಲ್ತಾನ ಸಿಕಂದರ್ ಔರಂಗಜೇಬನಿಗೆ ಶರಣಾದ ಕಥೆಯನ್ನು ಆ ದೊಡ್ಡ ಕಮಾನಿನ ಕೆಳಗೇ ಹೇಳಬೇಕು. ಅಸರ್ ಮಹಲಿನ ಒಳಕ್ಕೆ ಹೆಂಗಸರಿಗೆ ಪ್ರವೇಶವಿಲ್ಲ. ತಂಡದ ಅರ್ಧ ಜನರನ್ನು ಹೊರಗೆ ನಿಲ್ಲಿಸಿ ಉಳಿದವರು ನೋಡುವುದು ನನಗೆ ಒಪ್ಪಿಗೆಯಿಲ್ಲ, ಆದ್ದರಿಂದ ಕೈಬಿಟ್ಟೆ. ಕುಮಟಗಿಯ ಜಲಮಹಲುಗಳನ್ನು ಸೇರಿಸಿ ಒಮ್ಮೆ ಪ್ರಯತ್ನಿಸಿದ್ದುಂಟು. ಅದು ಪೂರ್ವಕ್ಕೆ, ಊರ ಹೊರಗೆ ದೂರ, ಇಡೀ ಸರಪಳಿ ಹರಿಯುತ್ತದೆ.

ಹನ್ನೆರಡಕ್ಕೆ ಖಾನಾವಳಿ. ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಕಾಳುಪಲ್ಯ, ಶೇಂಗಾ ಚಟ್ನಿ, ಗಟ್ಟಿ ಮೊಸರು. ಹೊಟ್ಟೆ ತುಂಬ ಉಂಡರೂ ಹನ್ನೆರಡು ಜನಕ್ಕೆ ಸಾವಿರದ ಐನೂರು ದಾಟಲಿಲ್ಲ. ಆ ಖಾನಾವಳಿ ನಡೆಸುವ ಅಕ್ಕನವರು ಹೆಚ್ಚು ಜನ ಬರುವುದು ಬೇಡ ಎಂದಿದ್ದಾರೆ, ಹೆಸರು ಕೇಳಬೇಡಿ. ಆಮೇಲೆ ಕೋಣೆ, ನಿದ್ದೆ.

ಮೂರಕ್ಕೆ ಎದ್ದಾಗ ತಂಡ ಹೊಸದಾಗಿತ್ತು. ಎರಡನೆಯ ಅಲಿ ಆದಿಲ್‌ಶಾಹನಿಗಾಗಿ ಕಟ್ಟಲು ತೊಡಗಿ ಅರ್ಧಕ್ಕೇ ನಿಂತ ಬಾರಾ ಕಮಾನಿನಲ್ಲಿ ಅರ್ಧ ತಾಸು. ಉಪ್ಪಲಿ ಬುರುಜನ್ನು ಹತ್ತಬಲ್ಲವರು ಹತ್ತಿದರು. ಮಲಿಕ್-ಎ-ಮೈದಾನ್ ಬಳಿ ಬಿಸಿಲು ಓರೆಯಾಗಿತ್ತು, ಬಾಯಲ್ಲಿ ಆನೆಯನ್ನು ಹಿಡಿದ ಸಿಂಹದ ಮುಖ ನೆರಳು ಬೆಳಕಿನಲ್ಲಿ ಎದ್ದು ಕಾಣುತ್ತಿತ್ತು. 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದ, ಸುಮಾರು 55 ಟನ್ ತೂಗುವ ಈ ತೋಪನ್ನು 1854ರಲ್ಲಿ ನೂರೈವತ್ತು ರೂಪಾಯಿಗೆ ಹರಾಜು ಹಾಕಿ, ಆಮೇಲೆ ಮಾರಾಟ ರದ್ದಾಯಿತು ಎಂದು ಹೇಳಿದಾಗ ಎಲ್ಲರೂ ಬೆಚ್ಚಿದರು.

ಐದಕ್ಕೆ ಮೊದಲೇ ಇಬ್ರಾಹಿಂ ರೋಜಾ ಸೇರಿದೆವು. ಊರಿನ ಮುಕುಟ ಇದೇ ಎನ್ನುವುದು ನನ್ನ ಖಚಿತ ಅಭಿಪ್ರಾಯ. ದಣಿದ ಕಣ್ಣಿಗೆ ಇದು ಇನ್ನೊಂದು ಗೋರಿ ಮಾತ್ರ. ವಿಶ್ರಾಂತಿ ಪಡೆದು ಬಂದವರು ಕಲ್ಲನ್ನು ಕೊರೆದು ಅಕ್ಷರಗಳನ್ನೇ ಜಾಲಂಧ್ರವಾಗಿಸಿದ ಕಿಟಕಿಗಳ ಮುಂದೆ ಒಂದೊಂದಾಗಿ ನಿಂತು ನೋಡಿದರು. ಎರಡೇ ತಾಸು ಸಾಕು ಎಂದು ವಾದಿಸಿದ್ದ ಹಿರಿಯರೂ ತಂಡದಲ್ಲಿದ್ದರು. ಬಾಗಿಲು ಮುಚ್ಚುವ ಹೊತ್ತಾಯಿತೆಂದು ಅವರನ್ನು ನಾನೇ ಹೋಗಿ ಕರೆತರಬೇಕಾಯಿತು.

ರಾತ್ರಿ ಊಟ ಮಾಡಿ ಮತ್ತೆ ಬಸ್ಸು. ಹೋಗಿಬರುವ ಬಸ್ಸಿಗೆ ತಲೆಗೆ ಸಾವಿರದ ಎಂಟುನೂರರಷ್ಟು, ಟಾಂಗಾಕ್ಕೆ ಮುನ್ನೂರು, ಕೋಣೆಗೆ ಇನ್ನೂರೈವತ್ತು, ಊಟ ತಿಂಡಿಗೆ ನಾನೂರು, ಟಿಕೆಟ್ ಮತ್ತಿತರ ಚಿಲ್ಲರೆ ಸೇರಿ ತಲೆಗೆ ಎರಡು ಸಾವಿರದ ಎಂಟುನೂರರ ಸುತ್ತ. ಮುಂಗಡವಾಗಿ ಮೂರು ಸಾವಿರ ಪಡೆದಿದ್ದೆ. ಉಳಿದದ್ದನ್ನು ಬಸ್ಸಿನಲ್ಲೇ ಹಂಚಿ ಲೆಕ್ಕ ಮುಗಿಸಿದೆ. ಮುಂದಿನದು ಬೀದರ್. ಅಲ್ಲಿ ಕೋಟೆ ಒಂದು ಕಡೆ, ಅಷ್ಟೂರಿನ ಬಹಮನಿ ಗೋರಿಗಳು ಊರಾಚೆ ಪೂರ್ವಕ್ಕೆ, ಬರೀದ್‌ಶಾಹಿ ಗೋರಿಗಳು ಪಶ್ಚಿಮಕ್ಕೆ. ಬೆಳಗ್ಗೆ ಅಷ್ಟೂರಿನಿಂದಲೇ ಶುರು ಮಾಡುವವನಿದ್ದೇನೆ, ಹೆಸರು ಕೊಡುವವರು ನವೆಂಬರ್‌ಗೆ ಮುಂಚೆ ಕೊಡಿ.