ಆಯಿಲ್ ಸೀಲ್ ಬದಲಿಸಿ ಎಂದರು, ನಾನು ಮೊದಲು ಆಯಿಲ್ ಎಲ್ಲಿಂದ ಬರುತ್ತಿದೆ ಎಂದು ಹುಡುಕಿದೆ

ಸರ್ವಿಸ್ ಸೆಂಟರಿನ ಎಸ್ಟಿಮೇಟಿನಲ್ಲಿ ನಾಲ್ಕು ಕೆಲಸ ಬರೆದಿತ್ತು: ಟ್ಯಾಪೆಟ್ ಕವರ್ ಪ್ಯಾಕಿಂಗ್, ಕ್ರ್ಯಾಂಕಿನ ಮುಂದಿನ ಆಯಿಲ್ ಸೀಲ್, ಆಯಿಲ್ ಚೇಂಬರ್ ಪ್ಯಾಕಿಂಗ್, ಕ್ರ್ಯಾಂಕಿನ ಹಿಂದಿನ ಸೀಲ್. ಟ್ಯಾಪೆಟ್ ಕವರ್ ಅಂದರೆ ಎಂಜಿನ್ ಮೇಲಿನ ಮುಚ್ಚಳ, ಚೇಂಬರ್ ಅಂದರೆ ಎಂಜಿನ್ ಅಡಿಯ ಆಯಿಲ್ ತಟ್ಟೆ, ಕ್ರ್ಯಾಂಕ್ ಅಂದರೆ ಪಿಸ್ಟನ್‌ಗಳು ತಿರುಗಿಸುವ ಮುಖ್ಯ ಶಾಫ್ಟ್, ಪ್ಯಾಕಿಂಗ್ ಅಂದರೆ ಎರಡು ಭಾಗ ಸೇರುವಲ್ಲಿ ಆಯಿಲ್ ತಡೆಯುವ ಪಟ್ಟಿ. ನಾಲ್ಕಕ್ಕೂ ಕಾರಣದ ಜಾಗದಲ್ಲಿ ‘ಆಯಿಲ್ ಲೀಕ್’ ಎಂಬ ಎರಡೇ ಪದ. ಮಾಮೂಲಿ ಸರ್ವಿಸ್‌ಗೆ ಬಿಟ್ಟಿದ್ದ ಕಾರು. ಓಡಿಸುವಾಗ ನನಗೆ ಯಾವ ತೊಂದರೆಯೂ ಕಂಡಿರಲಿಲ್ಲ.

ಮೊದಲು ನೋಡಿದ್ದು ಮೊತ್ತವನ್ನಲ್ಲ, ಅದು ಹೇಗೆ ಹಂಚಿಕೆಯಾಗಿದೆ ಎಂಬುದನ್ನು. ಆಯಿಲ್ ಸೀಲ್ ಅಂದರೆ ಒಂದು ರಬ್ಬರ್ ಬಳೆ, ಒಳಗೆ ತೆಳ್ಳಗಿನ ತುಟಿ, ಆ ತುಟಿಯನ್ನು ಶಾಫ್ಟಿಗೆ ಒತ್ತಿ ಹಿಡಿಯುವ ಸಣ್ಣ ಸ್ಪ್ರಿಂಗ್. ಬಿಡಿಭಾಗಕ್ಕೆ ಹೆಚ್ಚೇನೂ ಇಲ್ಲ. ಅದಿರುವ ಜಾಗಕ್ಕೆ ಕೈ ಹಾಕಲು ಬಿಚ್ಚಬೇಕಾದದ್ದಕ್ಕೇ ದುಡ್ಡೆಲ್ಲ. ಹಿಂದಿನ ಸೀಲ್ ಕೂತಿರುವುದು ಎಂಜಿನ್ ಮತ್ತು ಗೇರ್‌ಬಾಕ್ಸ್ ನಡುವೆ, ಕ್ರ್ಯಾಂಕಿನ ತುದಿಯ ಭಾರದ ಚಕ್ರವಾದ ಫ್ಲೈವೀಲ್ ಹಿಂಬದಿಯಲ್ಲಿ. ಅದನ್ನು ಮುಟ್ಟಬೇಕಾದರೆ ಗೇರ್‌ಬಾಕ್ಸ್ ಇಳಿಸಬೇಕು, ಕ್ಲಚ್ ಬಿಚ್ಚಬೇಕು, ಫ್ಲೈವೀಲ್ ತೆಗೆಯಬೇಕು. ಇಷ್ಟೆಲ್ಲ ಮಾಡಿಸಿದ ಮೇಲೆ ಆಯಿಲ್ ಬೇರೆ ಕಡೆಯಿಂದ ಬರುತ್ತಿತ್ತು ಎಂದು ಗೊತ್ತಾದರೆ ಕೊಟ್ಟ ದುಡ್ಡು ವಾಪಸ್ ಬರುವುದಿಲ್ಲ.

‘ಕಾರು ಲಿಫ್ಟ್ ಮೇಲಿದ್ದಾಗಲೇ ತೋರಿಸ್ತೀರಾ?’ ಎಂದು ಸರ್ವಿಸ್ ಅಡ್ವೈಸರನ್ನು ಕೇಳಿದೆ. ಬೇಸರಿಸದೆ ಕರೆದುಕೊಂಡು ಹೋದರು. ಟಾರ್ಚ್ ಹಾಕಿ, ‘ನೋಡಿ ಸರ್, ಹಿಂದೆ ಪೂರ್ತಿ ಒದ್ದೆ’ ಎಂದರು. ನಿಜ, ಬ್ಲಾಕಿನ ಹಿಂಬದಿ, ಗೇರ್‌ಬಾಕ್ಸ್ ಸೇರುವ ಸಂದು, ಚೇಂಬರಿನ ಅಂಚು, ಎಲ್ಲ ಕಡೆ ಕಪ್ಪು ಜಿಡ್ಡು. ‘ಎಲ್ಲಿಂದ ಶುರುವಾಗಿದೆ ಅಂತ ಗೊತ್ತಾಯ್ತಾ?’ ಅಂದೆ. ‘ಅದು ಬಿಚ್ಚಿದ ಮೇಲೇ ಗೊತ್ತಾಗೋದು ಸರ್. ಅದಕ್ಕೇ ನಾಲ್ಕೂ ಬರೆದಿದ್ದೀವಿ.’

ಅವರು ಸುಳ್ಳು ಹೇಳಲಿಲ್ಲ. ಸರ್ವಿಸ್ ನಡುವೆ ಕೆಲವು ನಿಮಿಷ ಕೆಳಗೆ ನಿಂತು ನೋಡುವ ತಪಾಸಣೆಯಲ್ಲಿ ಒದ್ದೆ ಇದೆಯೋ ಇಲ್ಲವೋ ಎಂಬುದಷ್ಟೇ ತಿಳಿಯುತ್ತದೆ. ಎಲ್ಲಿಂದ ಎಂದು ಹೇಳಬೇಕಾದರೆ ತೊಳೆದು, ಒಣಗಿಸಿ, ಓಡಿಸಿ, ಮತ್ತೆ ನೋಡಬೇಕು. ಅದು ಬೇರೆಯದೇ ಕೆಲಸ. ಆ ಕೆಲಸ ಆಗದೆ ಗೇರ್‌ಬಾಕ್ಸ್ ಇಳಿಸಲು ನಾನು ಒಪ್ಪುವುದಿಲ್ಲ ಎಂದು ಅಲ್ಲೇ ತೀರ್ಮಾನಿಸಿದೆ.

ಆದರೆ ಕಾದು ನೋಡಬಾರದ ಸೋರಿಕೆಗಳೂ ಇವೆ, ಅವು ನನ್ನ ಕಾರಿನಲ್ಲಿಲ್ಲ ಎಂದು ಖಾತ್ರಿ ಮಾಡಿಕೊಂಡೇ ಹೊರಟೆ. ಆಯಿಲ್ ಬಿಸಿ ಎಕ್ಸಾಸ್ಟ್ ಮೇಲೆ ಬೀಳುತ್ತಿದ್ದರೆ ಹೊಗೆ, ಸುಟ್ಟ ವಾಸನೆ ಬರುತ್ತದೆ, ಬೆಂಕಿಯ ಅಪಾಯವೂ ಇದೆ. ಕ್ರ್ಯಾಂಕಿಗೆ ಹೊಂದಿಕೊಂಡು ವಾಲ್ವ್‌ಗಳನ್ನು ಓಡಿಸುವ ಟೈಮಿಂಗ್ ಬೆಲ್ಟ್ ರಬ್ಬರಿನದಾಗಿದ್ದು, ಒಣಗಿಯೇ ಓಡಬೇಕಾದದ್ದಾಗಿದ್ದರೆ, ಆಯಿಲ್ ತಾಗಿ ಮೆತ್ತಗಾಗುತ್ತದೆ. ಅದು ತುಂಡಾದರೆ ಎಷ್ಟೋ ಎಂಜಿನ್‌ಗಳಲ್ಲಿ ಪಿಸ್ಟನ್ ವಾಲ್ವ್‌ಗೆ ಬಡಿಯುತ್ತದೆ. ಹಿಂದಿನ ಸೀಲಿನ ಆಯಿಲ್ ಕ್ಲಚ್ ಪ್ಲೇಟಿಗೆ ಹತ್ತಿದರೆ ಕ್ಲಚ್ ಜಾರುತ್ತದೆ, ಗಾಡಿ ನಿಂತಲ್ಲಿಂದ ಹೊರಡುವಾಗ ಅದುರುತ್ತದೆ. ಆಯಿಲ್ ಅಳೆಯುವ ಕಡ್ಡಿಯಾದ ಡಿಪ್ ಸ್ಟಿಕ್‌ನಲ್ಲಿ ಮಟ್ಟ ಬೇಗ ಬೇಗ ಇಳಿಯುತ್ತಿದ್ದರೂ ತಡ ಮಾಡಬಾರದು. ಇನ್ನು ಆಯಿಲ್ ಪ್ರೆಶರ್ ದೀಪ ಹತ್ತಿತೆಂದರೆ ಅಲ್ಲೇ ಎಂಜಿನ್ ಆಫ್ ಮಾಡಬೇಕು, ಮನೆವರೆಗೆ ಹೋಗೋಣ ಎನ್ನಬಾರದು. ಇವುಗಳಲ್ಲಿ ಒಂದು ಇದ್ದಿದ್ದರೂ ನಾನು ಆ ಕೆಲಸಕ್ಕೆ ಅಲ್ಲೇ ಸಹಿ ಹಾಕುತ್ತಿದ್ದೆ.

ವಾರಂಟಿ ಇದ್ದಿದ್ದರೂ ಇಷ್ಟು ಯೋಚಿಸುತ್ತಿರಲಿಲ್ಲ. ಎಂಜಿನ್, ಗೇರ್‌ಬಾಕ್ಸ್ ವಾರಂಟಿಯಲ್ಲಿ ಸಾಮಾನ್ಯವಾಗಿ ಒಳಗಿನ ಸೀಲ್‌ಗಳೂ ಬರುತ್ತವೆ. ನಿಮ್ಮ ಕಾರಿಗೆ ಅದಿನ್ನೂ ಇದ್ದರೆ, ಪಸೆ ಎಷ್ಟೇ ಕಡಿಮೆಯಿರಲಿ, ಜಾಬ್ ಕಾರ್ಡಿನಲ್ಲಿ ತಾರೀಕು, ಕಿಲೋಮೀಟರ್ ಸಮೇತ ಬರೆಸಿಕೊಳ್ಳಿ. ನಾಳೆ ಅವಧಿ ಮುಗಿದಾಗ ‘ಆಗಲೇ ಹೇಳಿದ್ದೆ’ ಎನ್ನಲು ನಿಮ್ಮ ಕೈಯಲ್ಲಿರುವುದು ಅದೊಂದೇ ಕಾಗದ. ನನ್ನ ಕಾರಿನ ವಾರಂಟಿ ಮುಗಿದಿತ್ತು. ಆದರೂ ಅವರು ಕಂಡದ್ದನ್ನು ಬರೆಸಿ, ಫೋಟೊ ತೆಗೆದುಕೊಂಡು, ಕೆಲಸ ಸದ್ಯಕ್ಕೆ ಬೇಡ ಎಂದೆ.

ಜಿನುಗುವುದು ಬೇರೆ, ಸೋರುವುದು ಬೇರೆ. ಹಳೆಯ ಎಂಜಿನ್‌ನಲ್ಲಿ ಪ್ಯಾಕಿಂಗ್ ಅಂಚಿಗೆ ಪಸೆ ಬಂದು, ಅದಕ್ಕೆ ಧೂಳು ಹತ್ತಿ ಕಪ್ಪು ಪದರ ಕಟ್ಟುತ್ತದೆ. ಬೆರಳಿಟ್ಟರೆ ಅಂಟುತ್ತದೆ, ಆದರೆ ಹನಿಯಾಗಿ ಬೀಳುವುದಿಲ್ಲ. ಇದು ವರ್ಷಗಟ್ಟಲೆ ಹೀಗೇ ಇರಬಹುದು. ಹನಿ ಕಟ್ಟಿ ಬೀಳುವುದು, ನೆಲದಲ್ಲಿ ಕಲೆ ಕಾಣುವುದು, ಮಟ್ಟ ಇಳಿಯುವುದು ಸೋರಿಕೆ. ಎಸ್ಟಿಮೇಟಿನಲ್ಲಿ ಎರಡಕ್ಕೂ ಲೀಕ್ ಎಂದೇ ಬರೆಯುತ್ತಾರೆ. ಆ ಒಂದು ಪದ ನೋಡಿ ಗಾಬರಿಯಾಗುವುದೂ ಬೇಡ, ‘ಅಯ್ಯೋ ಬರೀ ಪಸೆ’ ಎಂದು ಮರೆತುಬಿಡುವುದೂ ಬೇಡ.

ಮನೆಗೆ ತಂದು ಎಂಜಿನ್ ಪೂರ್ತಿ ಆರಿದ ಮೇಲೆ ಡಿಗ್ರೀಸರ್ ಹಾಕಿ ಬ್ರಷ್‌ನಿಂದ ಉಜ್ಜಿದೆ. ಆಲ್ಟರ್ನೇಟರ್, ವೈರಿಂಗ್ ಕನೆಕ್ಟರ್, ಏರ್ ಇಂಟೇಕ್‌ಗೆ ಪ್ಲಾಸ್ಟಿಕ್ ಸುತ್ತಿದ್ದೆ, ಜೋರು ನೀರು ಬಿಡಲಿಲ್ಲ. ಸೋರಿಕೆ ಹುಡುಕುವುದರಲ್ಲಿ ಈ ತೊಳೆಯುವ ಕೆಲಸವೇ ಮುಖ್ಯ, ಬಹಳ ಜನ ಬಿಡುವುದೂ ಇದನ್ನೇ. ಹಳೆಯ ಜಿಡ್ಡಿನ ಮೇಲೆ ಹೊಸ ಆಯಿಲ್ ಗುರುತು ಹಿಡಿಯಲು ಯಾರಿಂದಲೂ ಆಗದು. ಹಿಂದಿನ ಸಲ ಆಯಿಲ್ ಫಿಲ್ಟರ್ ಬಿಚ್ಚುವಾಗ ಚೆಲ್ಲಿದ್ದು ಒರೆಸದೆ ಉಳಿದರೂ ಸೋರಿಕೆಯ ಹಾಗೇ ಕಾಣುತ್ತದೆ. ಡ್ರೈನ್ ಬೋಲ್ಟಿನ ವಾಷರ್ ಹಳೆಯದೇ ಹಾಕಿದ್ದರೆ ಚೇಂಬರ್ ಪ್ಯಾಕಿಂಗ್ ಹೋಗಿದೆ ಎಂದು ಅನಿಸುತ್ತದೆ. ಆಯಿಲ್ ಪ್ರೆಶರ್ ಸ್ವಿಚ್ಚಿನಿಂದಲೂ ಆಯಿಲ್ ಜಿನುಗುತ್ತದೆ, ಅದು ಕೆಳಗಿಳಿದು ಸೀಲಿನ ಮೇಲೆ ಅಪವಾದ ಬರುತ್ತದೆ.

ಒಣಗಿದ ಮೇಲೆ ಅನುಮಾನವಿದ್ದ ಕಡೆಗಳಿಗೆಲ್ಲ ತೆಳ್ಳಗೆ ಟಾಲ್ಕಂ ಪೌಡರ್ ಹಚ್ಚಿದೆ. ಬಿಳಿಯ ಮೇಲೆ ಆಯಿಲ್ ದಾರಿ ಎದ್ದು ಕಾಣುತ್ತದೆ. ಆಯಿಲ್‌ಗೆ ಬೆರೆಸುವ ಯುವಿ ಡೈಯೂ ಸಿಗುತ್ತದೆ, ನೀಲಿ ಟಾರ್ಚ್ ಬಿಟ್ಟರೆ ಸೋರಿದ ಜಾಗ ಹಳದಿ ಹಸಿರಾಗಿ ಹೊಳೆಯುತ್ತದೆ. ಕೈ, ಕಣ್ಣು ತಲುಪದ ಜಾಗಕ್ಕೆ ಅದೇ ಒಳ್ಳೆಯದು. ನನಗೆ ಪೌಡರೇ ಸಾಕಾಯಿತು. ರಾತ್ರಿ ಹೊತ್ತು ಎಂಜಿನ್ ಅಡಿಗೆ ರಟ್ಟು ಹಾಸಿಟ್ಟು, ಯಾವ ಕಡೆ ಹನಿ ಬೀಳುತ್ತದೆಂದು ಗುರುತು ಮಾಡಿಕೊಂಡೆ. ಡಿಪ್ ಸ್ಟಿಕ್ಕನ್ನು ಯಾವಾಗಲೂ ಅದೇ ಸಮತಟ್ಟು ಜಾಗದಲ್ಲಿ, ಬೆಳಿಗ್ಗೆ, ಸ್ಟಾರ್ಟ್ ಮಾಡುವ ಮೊದಲು ನೋಡುತ್ತಿದ್ದೆ. ಬಹಳಷ್ಟು ಕಾರುಗಳಲ್ಲಿ ಮೇಲಿನ ಗುರುತಿಗೂ ಕೆಳಗಿನ ಗುರುತಿಗೂ ನಡುವೆ ಸುಮಾರು 1 ಲೀಟರ್ ಅಂತರವಿರುತ್ತದೆ, ಹಾಗಾಗಿ ಮಟ್ಟ ಎಷ್ಟು ಇಳಿದಿದೆ ಎಂದು ಅಂದಾಜು ಮಾಡುವುದು ಸುಲಭ. ಮಟ್ಟ ಇಳಿಯುತ್ತಿದೆ, ಹೊರಗೆ ಎಲ್ಲೂ ಒದ್ದೆಯಿಲ್ಲ ಎಂದಾದರೆ ಬಹುಮಟ್ಟಿಗೆ ಎಂಜಿನ್ ಆಯಿಲ್ ಸುಡುತ್ತಿದೆ ಎಂದರ್ಥ. ಆಗ ಈ ನಾಲ್ಕು ಸೀಲಿಗೂ ಅದಕ್ಕೂ ಸಂಬಂಧವಿಲ್ಲ. ವಾಲ್ವ್ ಸೀಲ್, ಪಿಸ್ಟನ್ ರಿಂಗ್ ಕಡೆ ನೋಡಬೇಕು.

ಆಯಿಲ್ ಇಳಿಜಾರಿಗೆ ಹರಿಯುತ್ತದೆ, ಓಡುವಾಗ ಗಾಳಿ ಅದನ್ನು ಹಿಂದಕ್ಕೆ ತಳ್ಳುತ್ತದೆ. ಹಾಗಾಗಿ ಹುಡುಕಬೇಕಾದದ್ದು ಒದ್ದೆಯ ಜಾಗಗಳಲ್ಲಿ ಎಲ್ಲಕ್ಕಿಂತ ಮೇಲಿನದನ್ನು, ಎಲ್ಲಕ್ಕಿಂತ ಮುಂದಿನದನ್ನು. ಕೆಳಗೆ ತೊಟ್ಟಿಕ್ಕುವ ಜಾಗ ಅದರ ಕೊನೆಯ ನಿಲ್ದಾಣ ಅಷ್ಟೆ. ಓಡಾಡಿದ ಮೇಲೆ ಬಾನೆಟ್ ಎತ್ತಿ, ಸಣ್ಣ ಕನ್ನಡಿಯನ್ನು ಎಂಜಿನ್ ಹಿಂದಕ್ಕೆ ಇಳಿಸಿ ಟಾರ್ಚ್ ಬಿಟ್ಟೆ. ಟ್ಯಾಪೆಟ್ ಕವರಿನ ಹಿಂದಿನ ಮೂಲೆಯಲ್ಲಿ ಪೌಡರ್ ಕರಗಿ ಕಂದು ಬಣ್ಣಕ್ಕೆ ತಿರುಗಿತ್ತು. ಅಲ್ಲಿಂದ ಪೆನ್ಸಿಲ್ ಗೆರೆಯಷ್ಟು ಸಣ್ಣ ದಾರಿ ಸಿಲಿಂಡರ್ ಹೆಡ್ ಮೇಲಿಂದ ಇಳಿದು, ಬ್ಲಾಕಿನ ಒಂದು ಏಣನ್ನು ಹಿಡಿದು ಪಕ್ಕಕ್ಕೆ ಸರಿದು, ನೇರವಾಗಿ ಗೇರ್‌ಬಾಕ್ಸ್ ಸಂದಿಗೆ ಬಂದು ಸೇರಿತ್ತು. ಕೆಳಗಿನಿಂದ ನೋಡಿದವರಿಗೆ ಅದು ಕ್ರ್ಯಾಂಕಿನ ಹಿಂದಿನ ಸೀಲ್ ಅಲ್ಲದೆ ಇನ್ನೇನೂ ಆಗಿ ಕಾಣುವುದು ಸಾಧ್ಯವಿರಲಿಲ್ಲ. ಚೇಂಬರ್ ಅಂಚಿನ ಒದ್ದೆಯೂ ಇದೇ ಆಯಿಲ್. ಚೇಂಬರಿನ ಮುಂಭಾಗದ ಅಂಚಿನಲ್ಲಿ ಪೌಡರ್ ಹಚ್ಚಿದ ಹಾಗೇ ಇತ್ತು.

ಕವರ್ ಬಿಚ್ಚುವ ಮೊದಲು ಒಂದು ಪ್ರಶ್ನೆ ಉಳಿದಿತ್ತು, ಈ ಪ್ಯಾಕಿಂಗ್ ಯಾಕೆ ಸೋತಿತು? ವಯಸ್ಸು ಒಂದು ಕಾರಣ. ಇನ್ನೊಂದು ಪಿಸಿವಿ ವಾಲ್ವ್. ಉರಿದ ಗ್ಯಾಸ್ ಸ್ವಲ್ಪ ಪಿಸ್ಟನ್ ರಿಂಗ್ ದಾಟಿ ಕ್ರ್ಯಾಂಕ್ ಕೇಸಿಗೆ ಇಳಿಯುತ್ತಲೇ ಇರುತ್ತದೆ. ಅದನ್ನು ಮತ್ತೆ ಇಂಟೇಕಿಗೆ ಕಳಿಸುವ ಬಾಗಿಲು ಈ ವಾಲ್ವ್. ಅದು ಕಟ್ಟಿಕೊಂಡರೆ ಒಳಗೆ ಒತ್ತಡ ಏರಿ, ಎಲ್ಲಿ ರಬ್ಬರ್ ದುರ್ಬಲವೋ ಅಲ್ಲಿಂದ ಆಯಿಲನ್ನು ಹೊರಕ್ಕೆ ದೂಡುತ್ತದೆ. ಹೊಸ ಸೀಲ್ ಹಾಕಿದ ಮೇಲೂ ಮತ್ತೆ ಸೋರುತ್ತಿದೆ ಎನ್ನುವವರು ಇದನ್ನು ನೋಡಿಸಿದ್ದಾರಾ ಎಂದು ನಾನು ತಪ್ಪದೆ ಕೇಳುತ್ತೇನೆ. ಎಂಜಿನ್ ಐಡಲ್‌ನಲ್ಲಿಟ್ಟು ಆಯಿಲ್ ಕ್ಯಾಪ್ ತೆಗೆದು ಬಾಯಿಗೆ ತೆಳು ಕಾಗದ ಹಿಡಿದೆ. ವ್ಯವಸ್ಥೆ ಸರಿಯಿದ್ದರೆ ಕಾಗದ ಹಗುರವಾಗಿ ಒಳಕ್ಕೆ ಅಂಟಬೇಕು. ನನ್ನದರಲ್ಲಿ ಮೇಲಕ್ಕೆ ಪಟಪಟ ಎನ್ನುತ್ತಿತ್ತು. ವಾಲ್ವ್ ಬಿಚ್ಚಿ ಅಲ್ಲಾಡಿಸಿದರೆ ಒಳಗಿನ ತುಂಡು ಕಟಕಟ ಸದ್ದು ಮಾಡಬೇಕು, ಮಾಡಲಿಲ್ಲ. ಒಳಗೆಲ್ಲ ಅಂಟು ಮಸಿ. ಎಸ್ಟಿಮೇಟಿನಲ್ಲಿ ಈ ವಾಲ್ವಿನ ಹೆಸರೇ ಇರಲಿಲ್ಲ.

ಕವರ್ ಕೆಲಸ ನಾನೇ ಮಾಡಿದೆ. ನನ್ನ ಎಂಜಿನ್‌ನಲ್ಲಿ ಅದು ಮೇಲೆಯೇ ಇದೆ, ಇಗ್ನಿಷನ್ ಕಾಯಿಲ್ ಮತ್ತು ಕೆಲವು ಪೈಪ್ ಸರಿಸಿದರೆ ಸಾಕು. ಇಂಟೇಕ್ ಮ್ಯಾನಿಫೋಲ್ಡ್ ಕೆಳಗೆ ಹೂತಿರುವ ಎಂಜಿನ್ ಆಗಿದ್ದರೆ ಕೈ ಹಾಕುತ್ತಿರಲಿಲ್ಲ. ಹಳೆಯ ಪ್ಯಾಕಿಂಗ್ ಕಿತ್ತರೆ ರಬ್ಬರಿನ ಗುಣವೇ ಉಳಿದಿರಲಿಲ್ಲ, ಬಾಗಿಸಿದರೆ ಪಟ್ಟನೆ ಮುರಿಯಿತು. ಸ್ಪಾರ್ಕ್ ಪ್ಲಗ್ ಕೊಳವೆಗಳ ಸುತ್ತಲಿನ ರಿಂಗ್‌ಗಳನ್ನೂ ಬದಲಿಸಿದೆ. ಅವು ಸೋತರೆ ಪ್ಲಗ್ ಗುಂಡಿಯಲ್ಲಿ ಆಯಿಲ್ ನಿಂತು ಮಿಸ್‌ಫೈರ್ ಶುರುವಾಗುತ್ತದೆ. ಹೆಡ್ ಅಲ್ಯೂಮಿನಿಯಂ, ಕಬ್ಬಿಣದ ಕೆರಕ ತಾಗಿಸಿದರೆ ಗೀರು ಬಿದ್ದು ಅಲ್ಲಿಂದಲೇ ಮತ್ತೆ ಜಿನುಗುತ್ತದೆ. ಪ್ಲಾಸ್ಟಿಕ್ ಕೆರಕದಿಂದ ತೆಗೆದು, ಬಟ್ಟೆಯಿಂದ ಒರೆಸಿದೆ. ವಾಲ್ವ್ ತೆರೆಸುವ ಕ್ಯಾಮ್ ಶಾಫ್ಟಿನ ಕ್ಯಾಪ್ ಹೆಡ್‌ಗೆ ಸೇರುವ ಮೂಲೆಗಳಲ್ಲಿ ಮಾತ್ರ ಸಿಲಿಕಾನ್ ಸೀಲಂಟ್, ಅದೂ ಕಡಲೆ ಕಾಳಿನಷ್ಟು. ಸುತ್ತಲೂ ಬಳಿದರೆ ಹೆಚ್ಚಾದದ್ದು ಒಳಗೆ ಉದುರಿ ಆಯಿಲ್ ಪಂಪಿನ ಜಾಲರಿಗೆ ಹೋಗಿ ಕೂರುತ್ತದೆ. ಬೋಲ್ಟ್‌ಗಳನ್ನು ಸರ್ವಿಸ್ ಮ್ಯಾನುಯಲ್‌ನಲ್ಲಿ ಕೊಟ್ಟ ಕ್ರಮದಲ್ಲಿ, ನಡುವಿನಿಂದ ಹೊರಕ್ಕೆ, ಬಿಗಿ ಅಳೆಯುವ ಟಾರ್ಕ್ ರೆಂಚ್ ಹಿಡಿದು ಬಿಗಿ ಮಾಡಿದೆ. ಈ ಬೋಲ್ಟ್‌ಗಳಿಗೆ ಬೇಕಾದ ಬಿಗಿ ತೀರಾ ಕಡಿಮೆ, ಸಾಮಾನ್ಯವಾಗಿ 10 ನ್ಯೂಟನ್ ಮೀಟರ್ ಆಸುಪಾಸು. ಸೋರುತ್ತಿದೆಯೆಂದು ಜೋರಾಗಿ ತಿರುಗಿಸಿದರೆ ಪ್ಯಾಕಿಂಗ್ ಹಿಂಡಿಹೋಗುತ್ತದೆ, ಪ್ಲಾಸ್ಟಿಕ್ ಕವರಾದರೆ ಸೀಳುತ್ತದೆ. ಸೀಲಂಟ್ ಟ್ಯೂಬಿನ ಮೇಲೆ ಬರೆದಷ್ಟು ಹೊತ್ತು ಒಣಗಲು ಬಿಟ್ಟು, ಹೊಸ ಪಿಸಿವಿ ವಾಲ್ವ್ ಹಾಕಿ ಸ್ಟಾರ್ಟ್ ಮಾಡಿದೆ.

ಮತ್ತೆ ತೊಳೆದು, ಮತ್ತೆ ಪೌಡರ್ ಹಚ್ಚಿ ಓಡಿಸಿದೆ. ಹಿಂಬದಿ ಒಣಗಿಯೇ ಉಳಿಯಿತು, ಗೇರ್‌ಬಾಕ್ಸ್ ಸಂದಿನಲ್ಲಿ ಹೊಸ ಆಯಿಲ್ ಬರಲಿಲ್ಲ. ಅಲ್ಲಿಗೆ ಎಸ್ಟಿಮೇಟಿನ ಅತಿ ದೊಡ್ಡ ಕೆಲಸವೂ ಚೇಂಬರ್ ಪ್ಯಾಕಿಂಗೂ ಪಟ್ಟಿಯಿಂದ ಹೊರಬಿದ್ದವು. ಸೀಲ್ ಮೆತ್ತಗೆ ಮಾಡುವ ಆಯಿಲ್ ಅಡಿಟಿವ್ ಹಾಕಬಹುದಿತ್ತಲ್ಲ ಎಂದು ಕೆಲವರು ಕೇಳಿದರು. ಗಟ್ಟಿಯಾದ ರಬ್ಬರ್ ಅದರಿಂದ ಸ್ವಲ್ಪ ಉಬ್ಬಿ ಜಿನುಗುವುದು ಕಡಿಮೆಯಾಗಬಹುದು, ಹರಿದ ತುಟಿಗೆ, ಮುರಿದ ಪ್ಯಾಕಿಂಗಿಗೆ ಅದು ಏನೂ ಮಾಡದು. ಯಾವ ಸೀಲ್ ಎಂದು ತಿಳಿಯುವ ಮೊದಲೇ ಸುರಿಯುವುದು ನನಗೆ ಒಪ್ಪಿಗೆಯಿಲ್ಲ.

ಉಳಿದದ್ದು ಮುಂದಿನ ಕ್ರ್ಯಾಂಕ್ ಸೀಲ್. ಅದರ ವಿಷಯದಲ್ಲಿ ಸರ್ವಿಸ್ ಸೆಂಟರ್ ಹೇಳಿದ್ದು ಸರಿಯಿತ್ತು. ಪುಲ್ಲಿಯ ಹಿಂದೆ, ಸೀಲಿನ ಸುತ್ತ ಪೌಡರ್ ಉಂಗುರದ ಹಾಗೆ ಒದ್ದೆಯಾಗಿತ್ತು, ಅದಕ್ಕಿಂತ ಮೇಲೆ ಎಲ್ಲವೂ ಒಣಗಿತ್ತು. ಹನಿ ಇನ್ನೂ ಬೀಳುತ್ತಿರಲಿಲ್ಲ, ಬೆಲ್ಟ್ ಕವರ್ ತೆಗೆದು ನೋಡಿದಾಗ ಬೆಲ್ಟಿಗೂ ಆಯಿಲ್ ತಾಗಿರಲಿಲ್ಲ. ಟೈಮಿಂಗ್ ಬೆಲ್ಟ್ ಬದಲಿಸುವ ಹೊತ್ತು ಹೇಗೂ ಹತ್ತಿರ ಬಂದಿತ್ತು, ಎರಡಕ್ಕೂ ಬಿಚ್ಚಬೇಕಾದದ್ದು ಒಂದೇ. ಬೇರೆ ಬೇರೆಯಾಗಿ ಮಾಡಿಸಿದರೆ ಅದೇ ಲೇಬರ್ ಎರಡು ಸಲ. ಹಾಗಾಗಿ ಬೆಲ್ಟಿನ ಗಡುವನ್ನು ಸ್ವಲ್ಪ ಮುಂಚಿತವಾಗಿಯೇ ತಂದುಕೊಂಡೆ.

ಈ ಕೆಲಸವನ್ನು ಅದೇ ಸರ್ವಿಸ್ ಸೆಂಟರಿಗೆ ಕೊಟ್ಟೆ. ಕ್ರ್ಯಾಂಕ್ ಬೋಲ್ಟ್ ಬಿಚ್ಚಲು, ಟೈಮಿಂಗ್ ಗುರುತು ಹೊಂದಿಸಲು ಬೇಕಾದ ಸಲಕರಣೆ ಅವರ ಹತ್ತಿರವಿದೆ, ನನ್ನ ಹತ್ತಿರ ಇಲ್ಲ. ಕೊಡುವ ಮೊದಲು ಮೂರು ವಿಷಯ ಮಾತಾಡಿಕೊಂಡೆ. ಬೆಲ್ಟಿನ ಜೊತೆಗೇ ಕ್ಯಾಮ್ ಸೀಲನ್ನೂ ಬದಲಿಸಬೇಕು. ಹಳೆಯ ಸೀಲ್‌ಗಳನ್ನು ನನಗೆ ತೋರಿಸಬೇಕು. ಹೊಸದನ್ನು ಕೂರಿಸುವ ಮೊದಲು ಶಾಫ್ಟ್ ಮೇಲೆ ಉಗುರು ಎಳೆದು ನೋಡಬೇಕು. ವರ್ಷಗಟ್ಟಲೆ ತುಟಿ ಉಜ್ಜಿದ ಜಾಗದಲ್ಲಿ ಶಾಫ್ಟ್ ಸವೆದು ಗೆರೆ ಬಿದ್ದಿದ್ದರೆ ಹೊಸ ಸೀಲಿನ ತುಟಿ ಅದೇ ಗೆರೆಯಲ್ಲಿ ಕೂತು ಮತ್ತೆ ಸೋರುತ್ತದೆ. ಆಗ ಶಾಫ್ಟ್ ಮೇಲೆ ತೆಳು ಸ್ಲೀವ್ ಹಾಕಬೇಕಾಗುತ್ತದೆ. ಮೆಕ್ಯಾನಿಕ್ ನನ್ನನ್ನೇ ಕರೆದು ತೋರಿಸಿದರು. ಶಾಫ್ಟಿನಲ್ಲಿ ಹೊಳೆಯುವ ಪಟ್ಟಿಯಿತ್ತು, ಆದರೆ ಉಗುರಿಗೆ ಏನೂ ಸಿಕ್ಕಲಿಲ್ಲ. ‘ಇದು ಸಾಕು ಸರ್, ಸ್ಲೀವ್ ಬೇಡ’ ಎಂದು ಸೀಲ್ ಕೂರಿಸಿದರು. ಕ್ರ್ಯಾಂಕಿನ ಹಿಂದಿನ ಸೀಲ್‌ಗೆ ಎಸ್ಟಿಮೇಟಿನಲ್ಲಿ ಅವರೇ ಅಡ್ಡಗೆರೆ ಎಳೆದು, ‘ಕ್ಲಚ್ ಬದಲಿಸುವಾಗ ನೋಡುವುದು’ ಎಂದು ಪಕ್ಕದಲ್ಲಿ ಬರೆದುಕೊಟ್ಟರು.