ಇಥಿಯೋಪಿಯಾದಲ್ಲಿ ಚೀನಾದ ಹೂಡಿಕೆಯನ್ನು ನಾನು ಲೆಕ್ಕ ಹಾಕಿದ ಬಗೆ

ಇಥಿಯೋಪಿಯಾದ ರಾಜಧಾನಿ ಅಡಿಸ್ ಅಬಾಬಾದಿಂದ ಸಮುದ್ರ ದಂಡೆಯ ನೆರೆ ದೇಶ ಜಿಬೂಟಿ ಕಡೆಗೆ ಹೋಗುವ ಹೊಸ ರೈಲು ಮಾರ್ಗ ಚೀನಾದ ಹೂಡಿಕೆ ಅಲ್ಲ. ಇಥಿಯೋಪಿಯಾದಲ್ಲಿ ಪಾಠ ಮಾಡುತ್ತಿದ್ದಾಗ ಎಂ.ಎ. ವಿದ್ಯಾರ್ಥಿಗಳಿಗೆ ಮೊದಲ ತರಗತಿಯಲ್ಲೇ ಇದನ್ನು ಹೇಳುತ್ತಿದ್ದೆ. ಯಾರೂ ಸುಲಭಕ್ಕೆ ಒಪ್ಪುತ್ತಿರಲಿಲ್ಲ. ಕಟ್ಟಿದ್ದು ಚೀನಾದ ಕಂಪನಿಗಳು. ಎಂಜಿನ್ನು, ಬೋಗಿ ಬಂದಿದ್ದು ಅಲ್ಲಿಂದಲೇ. ಹಣದ ದೊಡ್ಡ ಪಾಲು ಕೊಟ್ಟಿದ್ದು ಚೀನಾ ಸರ್ಕಾರದ ಎಕ್ಸಿಮ್ ಬ್ಯಾಂಕು. 2016ರ ಅಕ್ಟೋಬರಿನಲ್ಲಿ ಉದ್ಘಾಟನೆ ಆಯಿತು, ಆಮೇಲೆ ಮೊದಲ ವರ್ಷಗಳಲ್ಲಿ ರೈಲು ಓಡಿಸುವ ಹೊಣೆ ಹೊತ್ತಿದ್ದೂ ಚೀನಾದವರೇ. "ಹಾಗಾದರೆ ಇದು ಹೂಡಿಕೆ ಅಲ್ಲದೆ ಇನ್ನೇನು?" ಅಂತ ಕೇಳುತ್ತಿದ್ದರು.

ಅದು ಸಾಲ. ಇಥಿಯೋಪಿಯಾದ ನೆಲದ ಮೇಲಿರುವ ಹಳಿಯ ಒಡೆತನ ಇಥಿಯೋಪಿಯಾ ಸರ್ಕಾರದ್ದು. ನಷ್ಟವಾದರೆ ಹೊರುವುದೂ ಅದೇ ಸರ್ಕಾರ. 2018ರಲ್ಲಿ ಕಂತು ಕಟ್ಟುವುದು ಕಷ್ಟವಾದಾಗ ಪ್ರಧಾನಿ ಅಬಿ ಅಹ್ಮದ್ ಬೀಜಿಂಗಿಗೆ ಹೋಗಿ ಮಾತಾಡಿ, ಸಾಲ ತೀರಿಸುವ ಅವಧಿಯನ್ನು 30 ವರ್ಷಕ್ಕೆ ಮಾಡಿಸಿಕೊಂಡು ಬಂದರು. ನೇರ ಹೂಡಿಕೆಯಲ್ಲಿ ಈ ಮಾತೇ ಬರುವುದಿಲ್ಲ. ಹೂಡಿದವನು ಲಾಭ ಬಂದರೆ ತೆಗೆದುಕೊಂಡು ಹೋಗುತ್ತಾನೆ, ಮುಳುಗಿದರೆ ತಾನೇ ಮುಳುಗುತ್ತಾನೆ. ಆ ದೇಶದ ಖಜಾನೆ ಅವನಿಗೆ ಕಂತು ಕಟ್ಟಬೇಕಾಗಿಲ್ಲ.

ಇಥಿಯೋಪಿಯಾದ ವಿಶ್ವವಿದ್ಯಾಲಯಗಳಲ್ಲಿ ಭಾರತದ ಮೇಷ್ಟ್ರುಗಳು ತುಂಬಾ ಜನ ಇದ್ದೆವು, ಕನ್ನಡದವರೂ ಇದ್ದರು. ನಾನು ಕಲಿಸಿದ್ದು ಅರ್ಥಶಾಸ್ತ್ರ. ಪ್ರಬಂಧಕ್ಕೆ ವಿಷಯ ಆರಿಸಿಕೊಳ್ಳಿ ಎಂದರೆ ಪ್ರತಿ ವರ್ಷವೂ ಕೆಲವರು "ಚೀನಾದ ಹೂಡಿಕೆ" ಎಂದೇ ಬರೆದುಕೊಡುತ್ತಿದ್ದರು. ಆದರೆ ಅವರು ತರುತ್ತಿದ್ದ ಅಂಕಿಗಳು ಒಂದಕ್ಕೊಂದು ತಾಳೆಯಾಗುತ್ತಿರಲಿಲ್ಲ. ಒಬ್ಬ ತಂದ ಮೊತ್ತ ಇನ್ನೊಬ್ಬನದರ ಹಲವು ಪಟ್ಟು ಇರುತ್ತಿತ್ತು. ಹೀಗಾಗಿ ನಾವೇ ಒಂದು ಪಟ್ಟಿ ಮಾಡೋಣ ಎಂದು ಕೂತೆವು. ಅದನ್ನು ಮಾಡಿದ ಬಗೆಯನ್ನು ಇಲ್ಲಿ ಬರೆಯುತ್ತಿದ್ದೇನೆ. ಬೇರೆ ದೇಶದ ಬಗ್ಗೆ ಇಂಥದ್ದೇ ಕೆಲಸ ಮಾಡುವವರಿಗೆ ಉಪಯೋಗ ಆಗಬಹುದು.

ಪ್ರತಿ ಯೋಜನೆಯ ಮುಂದೆ ಮೊದಲು ಮೂರು ಪ್ರಶ್ನೆ ಬರೆದೆವು. ಒಡೆಯ ಯಾರು? ಹಣ ಯಾರದು? ಕಟ್ಟಿದವರು ಯಾರು? ಈ ಮೂರಕ್ಕೂ ಬೇರೆ ಬೇರೆ ಉತ್ತರ ಬರಬಹುದು. ಅಡಿಸ್ ಅಬಾಬಾದ ನಗರ ರೈಲು 2015ರಲ್ಲಿ ಶುರುವಾಯಿತು. ಖರ್ಚು ಸುಮಾರು 47.5 ಕೋಟಿ ಡಾಲರ್, ಅದರಲ್ಲಿ 85% ಚೀನಾದ ಸಾಲ. ಆಫ್ರಿಕನ್ ಒಕ್ಕೂಟದ ಎತ್ತರದ ಕಚೇರಿ 2012ರಲ್ಲಿ ತೆರೆಯಿತು. ಸುಮಾರು 20 ಕೋಟಿ ಡಾಲರಿನ ಆ ಕಟ್ಟಡ ಚೀನಾ ಕೊಟ್ಟ ಉಡುಗೊರೆ.

ಎಲ್ಲರೂ ತಪ್ಪಾಗಿ ಸೇರಿಸುತ್ತಿದ್ದದ್ದು ದಕ್ಷಿಣ ಇಥಿಯೋಪಿಯಾದ ಹವಾಸ್ಸ ಊರಿನ ಕೈಗಾರಿಕಾ ಪಾರ್ಕನ್ನು. 2016ರಲ್ಲಿ ಉದ್ಘಾಟನೆಯಾದ ಆ ಪಾರ್ಕನ್ನು ಕಟ್ಟಿದ್ದು ಚೀನಾದ ಸಿ.ಸಿ.ಇ.ಸಿ.ಸಿ. ಕಂಪನಿ, ಅದೂ ಗುತ್ತಿಗೆದಾರನಾಗಿ. ಹಣ ಇಥಿಯೋಪಿಯಾ 2014ರಲ್ಲಿ ಬಾಂಡು ಮಾರಿ ಎತ್ತಿದ 100 ಕೋಟಿ ಡಾಲರಿನಿಂದ ಬಂದಿದ್ದು. ಒಳಗೆ ಬಟ್ಟೆ ಹೊಲಿಯುವವರಲ್ಲಿ ಭಾರತ, ಶ್ರೀಲಂಕಾದ ಕಂಪನಿಗಳೂ ಇದ್ದವು. ಚೀನಾದ ಹೂಡಿಕೆ ಎಂದು ಬರೆಯಲು ಸಾಧ್ಯವಿದ್ದದ್ದು ವುಕ್ಸಿ ಜಿನ್‌ಮಾವ್ ಎಂಬ ಜವಳಿ ಗಿರಣಿಯಂಥ ಒಂದೆರಡನ್ನು ಮಾತ್ರ.

ಒಡೆತನದ ವಿಚಾರದಲ್ಲಿ ನಾವು ಹಿಡಿದದ್ದು ಅಂತರರಾಷ್ಟ್ರೀಯ ಹಣಕಾಸು ನಿಧಿಯ ಅಳತೆ. ವಿದೇಶಿಯ ಬಳಿ ಕನಿಷ್ಠ 10% ಮತದ ಹಕ್ಕು ಇದ್ದರೆ ಅದು ನೇರ ಹೂಡಿಕೆ. ಇಷ್ಟು ಜರಡಿ ಹಿಡಿದ ಮೇಲೆ ಪಟ್ಟಿ ತುಂಬಾ ಚಿಕ್ಕದಾಯಿತು. ವಿದ್ಯಾರ್ಥಿಗಳಿಗೆ ಬೇಜಾರಾಯಿತು. ನನಗೆ ಮಾತ್ರ ಕೆಲಸ ಈಗ ಶುರುವಾಯಿತು ಅನ್ನಿಸಿತು.

ಮುಂದಿನದು ಇಥಿಯೋಪಿಯಾದ ಹೂಡಿಕೆ ಆಯೋಗದ ಪರವಾನಗಿ ದಾಖಲೆ. ಅದನ್ನು ಓದುವುದಕ್ಕೆ ತಾಳ್ಮೆ ಬೇಕು. ಇಥಿಯೋಪಿಯಾದ ಪಂಚಾಂಗ ನಮ್ಮ ಇಸವಿಗಿಂತ ಏಳೆಂಟು ವರ್ಷ ಹಿಂದಿದೆ. ಅವರ ಹಣಕಾಸು ವರ್ಷ ಜುಲೈ 8ಕ್ಕೆ ಶುರು. ದಾಖಲೆಯಲ್ಲಿ 2004 ಎಂದಿದ್ದರೆ ನಮ್ಮ ಲೆಕ್ಕಕ್ಕೆ 2011-12. ಇದನ್ನು ಗಮನಿಸದೆ ಚೀನಾದ ಅಂಕಿಯ ಪಕ್ಕ ಇಟ್ಟರೆ ಇಡೀ ಕೋಷ್ಟಕವೇ ಹಾಳು. ಬಂಡವಾಳ ಅಲ್ಲಿನ ನಾಣ್ಯವಾದ ಬಿರ್‌ನಲ್ಲಿ ಇರುತ್ತದೆ. ಬಿರ್ ಬೆಲೆಯನ್ನು 2017ರ ಅಕ್ಟೋಬರಿನಲ್ಲಿ ಒಂದೇ ಏಟಿಗೆ 15% ಇಳಿಸಿದರು. ಹೀಗಾಗಿ ಎಲ್ಲ ವರ್ಷದ ಮೊತ್ತವನ್ನೂ ಇವತ್ತಿನ ದರದಲ್ಲಿ ಡಾಲರ್ ಮಾಡುವ ಹಾಗಿಲ್ಲ. ಆಯಾ ವರ್ಷದ ದರವನ್ನೇ ಹಾಕಬೇಕು.

ಎಲ್ಲಕ್ಕಿಂತ ಮುಖ್ಯವಾದದ್ದು ಯೋಜನೆಯ ಸ್ಥಿತಿ ಹೇಳುವ ಕಾಲಂ. ಅದರಲ್ಲಿ ಮೂರು ಬಗೆ: ಇನ್ನೂ ಶುರುವಾಗಿಲ್ಲ, ಕಟ್ಟುತ್ತಿದ್ದಾರೆ, ಉತ್ಪಾದನೆ ನಡೆದಿದೆ. ಪತ್ರಿಕೆಗಳಲ್ಲಿ ಬರುವ ದೊಡ್ಡ ಮೊತ್ತದಲ್ಲಿ ಈ ಮೂರೂ ಸೇರಿರುತ್ತವೆ. ಪರವಾನಗಿ ಪಡೆದವರಲ್ಲಿ ಎಷ್ಟೋ ಮಂದಿ ಇಟ್ಟಿಗೆ ಕೂಡ ಇಟ್ಟಿರುವುದಿಲ್ಲ. ನಾವು ಮೂರನೆಯ ಬಗೆಯನ್ನು ಮಾತ್ರ ಕೂಡಿಸಿದೆವು.

ಚೀನಾದ ಕಡೆಯ ಅಂಕಿಯಲ್ಲಿ ಇನ್ನೊಂದು ತೊಡಕು. ಅಲ್ಲಿನ ವಾಣಿಜ್ಯ ಸಚಿವಾಲಯ ಪ್ರತಿ ವರ್ಷ ದೇಶವಾರು ಲೆಕ್ಕ ಕೊಡುತ್ತದೆ. ಆದರೆ ಹೊರಗೆ ಹೋಗುವ ಹಣದಲ್ಲಿ ಅರ್ಧಕ್ಕಿಂತ ಜಾಸ್ತಿ ಮೊದಲು ಹಾಂಗ್‌ಕಾಂಗಿಗೆ ಹೋಗುತ್ತದೆ. ಅಲ್ಲಿಂದ ಮುಂದೆ ಯಾವ ದೇಶ ಮುಟ್ಟಿತು ಎಂಬುದು ಆ ಲೆಕ್ಕದಲ್ಲಿ ಸರಿಯಾಗಿ ಕಾಣುವುದಿಲ್ಲ. ನಮ್ಮ ಓದುಗರಿಗೆ ಹತ್ತಿರದ ಉದಾಹರಣೆ ಬೇಕೆಂದರೆ, 2017ರಲ್ಲಿ ಚೀನಾದ ಟೆನ್ಸೆಂಟ್ ಬೆಂಗಳೂರಿನ ಫ್ಲಿಪ್‌ಕಾರ್ಟಿಗೆ ಹಣ ಹಾಕಿತಲ್ಲ, ಆಗ ಫ್ಲಿಪ್‌ಕಾರ್ಟಿನ ಮೂಲ ಕಂಪನಿ ಸಿಂಗಪುರದಲ್ಲಿ ನೋಂದಣಿ ಆಗಿತ್ತು. ಭಾರತದ ಪುಸ್ತಕದಲ್ಲಿ ಅಂಥ ಹಣ ಸಿಂಗಪುರದ ಹೆಸರಿನಲ್ಲಿ ಬರುತ್ತದೆ. ಆಫ್ರಿಕಾದಲ್ಲೂ ಅದೇ ಕಥೆ. ಅದಕ್ಕೇ ನಾವು ಕಂಪನಿಯ ವಿಳಾಸ ನೋಡುವುದನ್ನು ಬಿಟ್ಟು, ಕೊನೆಯ ಮಾಲೀಕ ಯಾವ ಊರಿನವನು ಎಂದು ಹುಡುಕಿದೆವು.

ಹೊರದೇಶಗಳಲ್ಲಿ ಚೀನಾ ಮಾಡಿದ ಹೂಡಿಕೆ, ಗುತ್ತಿಗೆಗಳ ಬಗ್ಗೆ ಅಮೆರಿಕದ ಎ.ಇ.ಐ. ಎಂಬ ಅಧ್ಯಯನ ಸಂಸ್ಥೆ ಇಟ್ಟಿರುವ ಪಟ್ಟಿ ಎಲ್ಲರಿಗೂ ಸುಲಭಕ್ಕೆ ಸಿಗುತ್ತದೆ. ಆದರೆ ಅದರಲ್ಲಿ ಇರುವುದು ಸುಮಾರು 10 ಕೋಟಿ ಡಾಲರಿಗಿಂತ ದೊಡ್ಡ ವ್ಯವಹಾರಗಳು ಮಾತ್ರ. ಇಥಿಯೋಪಿಯಾಕ್ಕೆ ಬಂದವರಲ್ಲಿ ಬಹಳಷ್ಟು ಮಂದಿ ಸಣ್ಣ ಖಾಸಗಿ ಮಾಲೀಕರು. ಪ್ಲಾಸ್ಟಿಕ್, ಸಿಮೆಂಟ್, ಚರ್ಮ, ಕಬ್ಬಿಣದ ಸರಳು ಮಾಡುವವರು. 2017ರಲ್ಲಿ ಮೆಕಿನ್ಸಿ ಎಂಬ ಸಲಹಾ ಕಂಪನಿ ಎಂಟು ದೇಶಗಳಲ್ಲಿ ಸಮೀಕ್ಷೆ ಮಾಡಿ, ಆಫ್ರಿಕಾದಲ್ಲಿ ಚೀನಾದ 10,000ಕ್ಕೂ ಹೆಚ್ಚು ಕಂಪನಿಗಳಿವೆ, ಅದರಲ್ಲಿ 90% ಖಾಸಗಿ ಎಂದು ಅಂದಾಜು ಮಾಡಿತು. ಬೀಜಿಂಗ್ ಸರ್ಕಾರ ಕೂತು ಎಲ್ಲವನ್ನೂ ಯೋಜನೆ ಮಾಡಿ ಕಳಿಸುತ್ತದೆ ಎಂದು ನಂಬುವವರು ಈ ಅಂಕಿಯ ಮುಂದೆ ಸ್ವಲ್ಪ ನಿಲ್ಲಬೇಕು.

ಕಾಗದದ ಕೆಲಸ ಮುಗಿದ ಮೇಲೆ ದುಕೆಮ್‌ಗೆ ಹೋದೆವು. ಅಡಿಸ್ ಅಬಾಬಾದಿಂದ ಮೂವತ್ತು ಚಿಲ್ಲರೆ ಕಿಲೋಮೀಟರ್, ಒರೊಮಿಯಾ ಪ್ರಾಂತದ ಸಣ್ಣ ಊರು. ಅಲ್ಲಿರುವ ಈಸ್ಟರ್ನ್ ಇಂಡಸ್ಟ್ರಿಯಲ್ ಝೋನ್ ಅನ್ನು ಮಾಡಿದ್ದು ಚೀನಾದ ಜಿಯಾಂಗ್ಸು ಪ್ರಾಂತದ ಒಂದು ಖಾಸಗಿ ಗುಂಪು. ಇದು ನಿಜವಾದ ನೇರ ಹೂಡಿಕೆ. ಅಲ್ಲಿನ ಹೆಸರುವಾಸಿ ಕಾರ್ಖಾನೆ ಹುವಾಜಿಯಾನ್. ಪ್ರಧಾನಿಯಾಗಿದ್ದ ಮೆಲೆಸ್ ಜೆನಾವಿ 2011ರಲ್ಲಿ ಚೀನಾಕ್ಕೆ ಹೋಗಿ ಕರೆದರು, 2012ರ ಜನವರಿಯಲ್ಲಿ ಶೂ ಉತ್ಪಾದನೆ ಶುರುವಾಗಿಯೇ ಬಿಟ್ಟಿತು. ಇಷ್ಟು ಬೇಗ ಬರಲು ಕಾರಣ ಇತ್ತು. ಚೀನಾದ ಗುವಾಂಗ್‌ಡಾಂಗ್ ಪ್ರಾಂತದಲ್ಲಿ ಕೂಲಿ ಏರುತ್ತಿತ್ತು. ಇಥಿಯೋಪಿಯಾದಲ್ಲಿ ಕೂಲಿ ಕಡಿಮೆ, ಕರೆಂಟು ಅಗ್ಗ, ದನ ಕುರಿಗಳ ತೊಗಲು ಧಾರಾಳ. ಆಫ್ರಿಕಾದ ದೇಶಗಳಿಗಾಗಿ ಅಮೆರಿಕ ಮಾಡಿದ ಅಗೋವಾ ಕಾಯ್ದೆಯಿಂದಾಗಿ ಅಲ್ಲಿಗೆ ಸುಂಕ ಇಲ್ಲದೆ ಮಾಲು ಕಳಿಸಬಹುದಿತ್ತು.

ಕಾರ್ಖಾನೆಗಳ ಒಳಗೆ ಹೋಗಲು ಪತ್ರ ಬರೆದು ಅನುಮತಿ ಪಡೆದೆವು. ಆದರೆ ಮೇಲ್ವಿಚಾರಕ ಪಕ್ಕದಲ್ಲಿ ನಿಂತಿರುವಾಗ ಕೆಲಸಗಾರರು ಏನು ಹೇಳುತ್ತಾರೆ? ಒಳಗೆ ಯಂತ್ರ ನೋಡಿದೆವು, ಲೆಕ್ಕ ಕೇಳಿದೆವು, ಅಷ್ಟೇ. ನಿಜವಾದ ಮಾತು ನಡೆದದ್ದು ಹೊರಗೆ, ಗೇಟಿನಾಚೆ ಬುನಾ ಕಾಯಿಸುವ ಹೆಂಗಸರ ಬಳಿ. ಬುನಾ ಎಂದರೆ ಅಲ್ಲಿನ ಕಾಫಿ. ಶಿಫ್ಟು ಬಿಟ್ಟಾಗ ಹುಡುಗಿಯರು ಅಲ್ಲಿ ಕೂರುತ್ತಾರೆ. ಒರೊಮೊ ಭಾಷೆ ಮಾತಾಡುವ ವಿದ್ಯಾರ್ಥಿನಿಯರನ್ನೇ ಮಾತಿಗೆ ಕೂರಿಸಿ, ನಾನು ದೂರ ಇರುತ್ತಿದ್ದೆ. ವಿದೇಶಿ ಮೇಷ್ಟ್ರು ಎದುರಿಗೆ ಕೂತರೆ ಅವರು ಬಾಯಿ ಬಿಡುವುದಿಲ್ಲ.

ಪ್ರಶ್ನೆ ಕೇಳುವ ರೀತಿಯ ಮೇಲೆ ತುಂಬಾ ನಿಂತಿದೆ. "ಸಂಬಳ ಸಾಕಾಗುತ್ತಾ?" ಎಂದು ಕೇಳಿದರೆ ಎಲ್ಲರೂ ಇಲ್ಲ ಎನ್ನುತ್ತಾರೆ. ನಾವು ಕೇಳುತ್ತಿದ್ದದ್ದು: ಹೋದ ತಿಂಗಳು ಕೈಗೆ ಎಷ್ಟು ಬಂತು? ಏನೇನು ಹಿಡಿದುಕೊಂಡರು? ಕೋಣೆಯಲ್ಲಿ ಎಷ್ಟು ಜನ ಇದ್ದೀರಿ? ಈ ಯಂತ್ರ ನಡೆಸಲು ಕಲಿಸಿದವರು ಯಾರು? ನಿನಗಿಂತ ಮೊದಲು ಈ ಜಾಗದಲ್ಲಿ ಇದ್ದವಳು ಎಲ್ಲಿ ಹೋದಳು? ಸಮಯ ಕೇಳುವಾಗಲೂ ಎಚ್ಚರ ಬೇಕು. ಅಲ್ಲಿ ದಿನದ ಲೆಕ್ಕ ಸೂರ್ಯೋದಯದಿಂದ. ಬೆಳಿಗ್ಗೆ ಏಳು ಗಂಟೆಯನ್ನು ಅವರು ಒಂದು ಗಂಟೆ ಎನ್ನುತ್ತಾರೆ. ಓವರ್‌ಟೈಮ್ ಲೆಕ್ಕ ಹಾಕುವಾಗ ಇದನ್ನು ಪ್ರತಿ ಹಾಳೆಯಲ್ಲೂ ತಿದ್ದಿಕೊಂಡೆವು.

ಇಥಿಯೋಪಿಯಾದಲ್ಲಿ ಖಾಸಗಿ ಕೆಲಸಕ್ಕೆ ಕನಿಷ್ಠ ಕೂಲಿ ಕಾನೂನಿನಲ್ಲಿ ಗೊತ್ತುಮಾಡಿಲ್ಲ. ಹವಾಸ್ಸದಲ್ಲಿ ಮೂಲ ಸಂಬಳ ತಿಂಗಳಿಗೆ 26 ಡಾಲರ್ ಎಂದು ನ್ಯೂಯಾರ್ಕ್ ವಿಶ್ವವಿದ್ಯಾಲಯದವರು 2019ರಲ್ಲಿ ವರದಿ ಮಾಡಿದರು. ಆ ಪಾರ್ಕಿನಲ್ಲಿ ಚೀನಾದವರು ಒಬ್ಬರೇ ಇರಲಿಲ್ಲ, ಅದು ಎಲ್ಲ ದೇಶದ ಮಾಲೀಕರೂ ಕೊಡುತ್ತಿದ್ದ ಸಂಬಳ. ಲಂಡನ್ನಿನ ಸೋವಾಸ್ ಸಂಸ್ಥೆಯ ಅಧ್ಯಯನ ತಂಡ ಅದೇ ವರ್ಷ ಹೇಳಿದ್ದೂ ಇದನ್ನೇ. ಒಂದೇ ಬಗೆಯ ಕೆಲಸ ಹೋಲಿಸಿದರೆ ಚೀನಾದ ಕಂಪನಿಯ ಸಂಬಳ ಬೇರೆಯವರಿಗಿಂತ ಅಷ್ಟೇನೂ ಕಡಿಮೆ ಇಲ್ಲ, ಕೆಲಸಗಾರರಲ್ಲಿ ಹತ್ತಕ್ಕೆ ಸುಮಾರು ಒಂಬತ್ತು ಮಂದಿ ಇಥಿಯೋಪಿಯಾದವರೇ. ನಮ್ಮ ಹಾಳೆಗಳಲ್ಲೂ ಹೀಗೇ ಕಂಡಿತು. ಚೀನಾದವರು ಕೂಲಿಗಳನ್ನೂ ತಮ್ಮ ದೇಶದಿಂದಲೇ ತರುತ್ತಾರೆ ಎಂಬ ಮಾತನ್ನು ನಾನು ಅಲ್ಲಿಗೇ ಬಿಟ್ಟೆ.

ಹಾಗಂತ ಸಂಬಳ ಸರಿಯಿದೆ ಎಂದು ನಾನು ಹೇಳಲಾರೆ. ಹಳ್ಳಿಯಿಂದ ಬಂದ ಹತ್ತೊಂಬತ್ತರ ಹುಡುಗಿ ನಮ್ಮ ವಿದ್ಯಾರ್ಥಿನಿಗೆ ಹೇಳಿದಳು: "ಕೋಣೆ ಬಾಡಿಗೆ, ಇಂಜೆರಾ, ಸೋಪು. ಇಷ್ಟಕ್ಕೇ ಮುಗಿಯುತ್ತದೆ ಅಕ್ಕಾ. ಅಮ್ಮನಿಗೆ ಕಳಿಸೋಣ ಎಂದು ಬಂದೆ, ಈಗ ಅಮ್ಮನೇ ಜೋಳದ ಹಿಟ್ಟು ಕಳಿಸುತ್ತಾಳೆ." ಇಂಜೆರಾ ಎಂದರೆ ಅಲ್ಲಿನ ದೋಸೆಯಂಥ ರೊಟ್ಟಿ. ಇಂಥವರು ಕೆಲವು ತಿಂಗಳಲ್ಲೇ ಕೆಲಸ ಬಿಡುತ್ತಾರೆ. ಮಾಲೀಕರು ಇದನ್ನು ಶಿಸ್ತಿಲ್ಲದ ಜನ ಎಂದು ಹೇಳುವುದನ್ನು ಕೇಳಿದ್ದೇನೆ. ನನಗೆ ಅದು ಒಪ್ಪಿಗೆ ಇಲ್ಲ. ಲೆಕ್ಕ ಹಾಕಿಯೇ ಅವರು ಹೋಗುತ್ತಾರೆ. ಊಟ, ಬಾಡಿಗೆ ಕಳೆದು ಏನೂ ಉಳಿಯದ ಕೆಲಸದಲ್ಲಿ ಯಾರು ನಿಲ್ಲುತ್ತಾರೆ?

ಚೀನಾದ ಮ್ಯಾನೇಜರುಗಳ ಜೊತೆ ಮಾತಾಡಿದ್ದು ಚೀನೀ ಕಲಿತ ಸ್ಥಳೀಯ ಹುಡುಗನೊಬ್ಬನ ಮೂಲಕ. ಅವರ ಕಷ್ಟಗಳೂ ಸಣ್ಣವಲ್ಲ. ಕರೆಂಟು ಹೋಗುತ್ತದೆ. ಕಂಟೇನರ್ ಜಿಬೂಟಿಯಿಂದ ಬರಲು ತಡವಾಗುತ್ತದೆ. ಬಿಡಿಭಾಗ ತರಿಸಲು ಬ್ಯಾಂಕಿನಲ್ಲಿ ಡಾಲರ್ ಸಿಗುವುದಿಲ್ಲ. ಆರ್ಡರ್ ತಪ್ಪಿದರೆ ದಂಡ. ಮನೆ ಬಿಟ್ಟು ಬಂದು ಝೋನಿನೊಳಗೇ ಮಲಗಿ, ವರ್ಷಕ್ಕೊಮ್ಮೆ ಮಕ್ಕಳ ಮುಖ ನೋಡುವವರು ಅವರಲ್ಲಿ ಇದ್ದರು.

ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ್ದು ಕೊನೆಯ ಹಾಳೆ. ಒಂದು ಜೊತೆ ಶೂ ಎದುರಿಗಿಟ್ಟು ಒಂದೊಂದೇ ಭಾಗ ಕೇಳುತ್ತಾ ಹೋದೆವು. ಸೋಲ್ ಎಲ್ಲಿಂದ? ಅಂಟು? ಒಳಬಟ್ಟೆ? ಬಕಲ್? ದಾರ? ಡಬ್ಬಿ? ಬಂದ ಉತ್ತರಗಳಲ್ಲಿ ಹೆಚ್ಚಿನವು "ಚೀನಾ" ಎಂದೇ. ಊರಿನದು ಎಂದರೆ ದುಡಿಮೆ, ಸ್ವಲ್ಪ ಚರ್ಮ, ಕ್ಯಾಂಟೀನಿನ ತರಕಾರಿ. ಕಾರ್ಖಾನೆಯ ಗೋಡೆಯ ಹೊರಗೆ ಬಕಲ್ ಮಾಡುವ ಒಬ್ಬ ಇಥಿಯೋಪಿಯಾದವನನ್ನೂ ನಾವು ಕಾಣಲಿಲ್ಲ. ಬೆಂಗಳೂರಿನ ಗಾರ್ಮೆಂಟ್ಸ್ ಸುತ್ತ ಗುಂಡಿ, ಜಿಪ್, ದಾರ, ಮೆಷಿನ್ ರಿಪೇರಿ ಅಂತ ಎಷ್ಟು ಅಂಗಡಿಗಳು ಬದುಕುತ್ತವೆ ನೋಡಿ. ಕಾರ್ಖಾನೆ ಮುಚ್ಚಿದರೂ ಆ ಕೈಕೆಲಸ ಊರಲ್ಲಿ ಉಳಿಯುತ್ತದೆ. ದುಕೆಮ್‌ನಲ್ಲಿ ಅದು ಇನ್ನೂ ಹುಟ್ಟಿರಲಿಲ್ಲ. ಚೀನಾದ ಕೆಲಸ ಕಲಿಸುವವರು ಇದ್ದರು, ಹುಡುಗಿಯರು ಬೇಗ ಕಲಿಯುತ್ತಿದ್ದರು. ಆದರೆ ಕಲಿತದ್ದನ್ನು ಹೊರಗೆ ತಂದು ಸ್ವಂತ ಅಂಗಡಿ ಹಾಕಲು ಬ್ಯಾಂಕ್ ಸಾಲ ಕೊಡುವವರು ಬೇಕಲ್ಲ? ಅದು ಚೀನಾದವರ ಹೊಣೆ ಅಲ್ಲ, ಅಡಿಸ್ ಅಬಾಬಾದ ಹೊಣೆ ಎಂದೇ ನಾನು ವರದಿಯಲ್ಲಿ ಬರೆದೆ.

ಈ ವಿಧಾನವನ್ನು ಬೇರೆ ಕಡೆಗೂ ಹಚ್ಚಿ ನೋಡಬಹುದು. ಶ್ರೀಲಂಕಾದ ಹಂಬನ್‌ತೋಟ ಬಂದರನ್ನು ನಮ್ಮಲ್ಲಿ ಎಲ್ಲರೂ ಒಂದೇ ಮಾತಿನಲ್ಲಿ ಸಾಲದ ಬಲೆ ಎನ್ನುತ್ತಾರೆ. ಬಂದರು ಕಟ್ಟಿದ್ದು ಎಕ್ಸಿಮ್ ಬ್ಯಾಂಕಿನ ಸಾಲದಲ್ಲಿ. 2017ರಲ್ಲಿ ಚೈನಾ ಮರ್ಚೆಂಟ್ಸ್ ಪೋರ್ಟ್ ಕಂಪನಿ 112 ಕೋಟಿ ಡಾಲರ್ ಕೊಟ್ಟು 99 ವರ್ಷಕ್ಕೆ ಪಡೆದದ್ದು ಮಾತ್ರ ನೇರ ಹೂಡಿಕೆ. ಆ ಹಣ ಬಂದ ಮೇಲೂ ಹಳೆಯ ಸಾಲ ಹಾಗೇ ಉಳಿಯಿತು. ಎರಡನ್ನೂ ಒಂದೇ ಕಾಲಂಗೆ ಹಾಕಿದರೆ ಶ್ರೀಲಂಕಾಕ್ಕೆ ಏನಾಯಿತು ಎಂಬುದೇ ಅರ್ಥವಾಗುವುದಿಲ್ಲ.

ಇಥಿಯೋಪಿಯಾದ ಉತ್ತರದಲ್ಲಿ ಟಿಗ್ರೆ ಯುದ್ಧ 2020ರ ನವೆಂಬರಿನಲ್ಲಿ ಶುರುವಾಯಿತು. ಮರುವರ್ಷ ಹವಾಸ್ಸದ ದೊಡ್ಡ ಅಮೆರಿಕನ್ ಬಟ್ಟೆ ಕಂಪನಿ ಪಿ.ವಿ.ಎಚ್. ತನ್ನ ಕಾರ್ಖಾನೆ ಮುಚ್ಚಿತು. 2022ರ ಜನವರಿ 1ರಿಂದ ಅಮೆರಿಕ ಅಗೋವಾ ಸೌಲಭ್ಯವನ್ನೂ ನಿಲ್ಲಿಸಿತು. ನಮ್ಮ ಪಟ್ಟಿಯ ಎಷ್ಟೋ ಸಾಲುಗಳನ್ನು ಮತ್ತೆ ತೆರೆದು ನೋಡಬೇಕಾಯಿತು. ದಾಖಲೆಯಲ್ಲಿ "ಉತ್ಪಾದನೆ ನಡೆದಿದೆ" ಎಂದೇ ಇರುತ್ತದೆ, ಫೋನ್ ಮಾಡಿದರೆ ಗೇಟಿಗೆ ಬೀಗ. 2024ರ ಜುಲೈನಲ್ಲಿ ಬಿರ್ ಬೆಲೆಯನ್ನು ಮಾರುಕಟ್ಟೆಗೆ ಬಿಟ್ಟರು, ಡಾಲರಿಗೆ 57ರ ಆಸುಪಾಸಿನಲ್ಲಿದ್ದದ್ದು ಕೆಲವೇ ವಾರದಲ್ಲಿ 100 ದಾಟಿತು. ನಾನು ಆಗಲೇ ಊರಿಗೆ ಬಂದಾಗಿತ್ತು. ಪಟ್ಟಿಯನ್ನು ಈಗ ನೋಡಿಕೊಳ್ಳುವುದು, ಅವತ್ತು ಬುನಾ ಕಾಯಿಸುವವರ ಪಕ್ಕ ಕೂತು ಹಾಳೆ ತುಂಬಿದ ವಿದ್ಯಾರ್ಥಿನಿ. ಅವಳೇ ಈಗ ಪಾಠ ಮಾಡುತ್ತಾಳೆ. ಹೊಸ ದರದಲ್ಲಿ ಸಂಬಳದ ಕಾಲಂ ಮೊದಲು ತಿದ್ದು, ಬಂಡವಾಳದ ಕಾಲಂ ಆಮೇಲೆ ನೋಡೋಣ ಎಂದು ಅವಳಿಗೆ ಹೇಳಿದ್ದೇನೆ. ಬಕಲ್ ಮಾಡುವವರು ಯಾರಾದರೂ ಸಿಕ್ಕರೆ ಅವರಿಗೆ ಬೇರೆಯೇ ಒಂದು ಹಾಳೆ ತೆರೆಯಬೇಕೆಂದೂ ಮಾತಾಗಿದೆ.